ಠಸ್ಸೆ ಒತ್ತುವ ಮುನ್ನ

ಹೊಸ ಪುಸ್ತಕಗಳ ಕಟ್ಟು ಬಿಚ್ಚಿದ ಕೂಡಲೇ ಠಸ್ಸೆ ಎತ್ತಿಕೊಳ್ಳುವ ಅಭ್ಯಾಸ ಸಣ್ಣ ಗ್ರಂಥಾಲಯಗಳಲ್ಲಿ ಹೆಚ್ಚು. ಅದು ಪಂಚಾಯಿತಿಯ ಅರಿವು ಕೇಂದ್ರವಾಗಿರಲಿ, ಶಾಲೆಯ ಬೀರುವಾಗಿರಲಿ, ಅಪಾರ್ಟ್‌ಮೆಂಟಿನ ಕೆಳಮಹಡಿಯ ಕೋಣೆಯಾಗಿರಲಿ. ಠಸ್ಸೆ ಬಿದ್ದ ಪುಸ್ತಕವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ನೋಡಬೇಕಾದ್ದನ್ನು ಅದಕ್ಕೆ ಮೊದಲೇ ನೋಡಿಬಿಡಬೇಕು. ದೊಡ್ಡವರದು, ಹದಿಹರೆಯದವರದು, ಚಿಕ್ಕ ಮಕ್ಕಳದು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬಂದರೂ ನೋಡುವ ಕಣ್ಣು ಬೇರೆ ಬೇರೆ. ದೊಡ್ಡವರ ಪುಸ್ತಕ ಒಳಗಿನ ವಿಷಯದಲ್ಲಿ ಹಳತಾಗುತ್ತದೆ, ಮಕ್ಕಳದು ಮೈಯಲ್ಲಿ ಹಳತಾಗುತ್ತದೆ. ಹದಿಹರೆಯದವರ ಪುಸ್ತಕ ಎಷ್ಟೋ ಸಲ ಯಾರೂ ಮುಟ್ಟದೆಯೇ ಹಳತಾಗುತ್ತದೆ.

ಎಲ್ಲಕ್ಕೂ ಸೇರಿದ ಒಂದು ಕೆಲಸ ಮೊದಲು. ಆಫ್‌ಸೆಟ್‌ನಲ್ಲಿ ಅಚ್ಚಾದ ಪುಸ್ತಕ ಸಾಮಾನ್ಯವಾಗಿ 16 ಪುಟಗಳ ಫಾರಂಗಳಾಗಿ ಮಡಚಿಕೊಂಡು ಬರುತ್ತದೆ. ಬೈಂಡಿಂಗ್‌ನಲ್ಲಿ ಒಂದು ಫಾರಂ ತಪ್ಪಿಹೋದರೆ 32ರ ನಂತರ ನೇರ 49 ಬರುತ್ತದೆ. ಒಂದೇ ಫಾರಂ ಎರಡು ಸಲ ಸೇರಿದರೆ ಓದಿದ 16 ಪುಟ ಮತ್ತೆ ಎದುರಾಗುತ್ತದೆ. ಎಲ್ಲ ಪುಟ ಎಣಿಸಬೇಕಿಲ್ಲ, 16, 32, 48 ಹೀಗೆ ಫಾರಂ ಕೂಡುವ ಕಡೆ ನೋಡಿದರೆ ಸಾಕು. ಮುನ್ನುಡಿಯ ಪುಟಗಳಿಗೆ ಬೇರೆ ಅಂಕಿ ಹಾಕಿದ್ದರೆ ಈ ಲೆಕ್ಕ ಅಷ್ಟು ಪುಟ ಹಿಂದಕ್ಕೆ ಸರಿಯುತ್ತದೆ. 200 ಪುಟದ ಕಾದಂಬರಿಗೆ ಒಂದು ನಿಮಿಷ ಹಿಡಿಯಬಹುದು.

ಈಗ ನೂರಿನ್ನೂರು ಪ್ರತಿಗಳ ಡಿಜಿಟಲ್ ಮುದ್ರಣ ಹೆಚ್ಚಾಗಿದೆ. ಅಲ್ಲಿ ಹಾಳೆಗಳು ಸಾಮಾನ್ಯವಾಗಿ ಬಿಡಿಬಿಡಿಯಾಗಿಯೇ ಬರುವುದರಿಂದ ಹೊಲಿಯಲು ಮಡಿಕೆಯೇ ಇರುವುದಿಲ್ಲ, ಬೆನ್ನಿಗೆ ಬಿಸಿ ಅಂಟು ಬಳಿದು ರಟ್ಟು ಕೂರಿಸುತ್ತಾರೆ. ಪುಸ್ತಕವನ್ನು ಮುಚ್ಚಿ ಬೆನ್ನಿನ ತುದಿಯನ್ನು ಮೇಲಿನಿಂದ ನೋಡಿ. ಮಡಿಕೆಗಳ ಸಣ್ಣ ಕಮಾನುಗಳು ಕಂಡು, ಫಾರಂ ನಡುವೆ ದಾರ ಸಿಕ್ಕಿದರೆ ಅದು ಹೊಲಿಗೆ. ಬರೀ ಗೆರೆಯಂತೆ ಕಂಡರೆ ಅಂಟು. ಅಂಟಿನ ಪುಸ್ತಕವನ್ನು ನಟ್ಟನಡುವೆ ಒಮ್ಮೆಗೇ ಅಗಲಿಸಿದರೆ ಬೆನ್ನು ಸೀಳುತ್ತದೆ. ಮೊದಲು ಎರಡೂ ರಟ್ಟು ಬಿಡಿಸಿ, ಆಮೇಲೆ ಮುಂದಿನಿಂದ ಹತ್ತು ಹಾಳೆ, ಹಿಂದಿನಿಂದ ಹತ್ತು ಹಾಳೆ ಹೀಗೆ ಬೆರಳಿನಿಂದ ಒತ್ತುತ್ತ ನಡುವಿಗೆ ಬನ್ನಿ.

ದೊಡ್ಡವರ ವಿಭಾಗದಲ್ಲಿ ಕಥೆ, ಕಾದಂಬರಿಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೇಳಿದವರ ಹೆಸರು, ಕೇಳಿದ ಪುಸ್ತಕ ಬರೆದಿಡುವ ಒಂದು ನೋಟ್‌ಬುಕ್ ಇದ್ದರೆ ಆಯ್ಕೆ ತಾನಾಗಿ ಆಗುತ್ತದೆ. ಬೆಂಗಳೂರಿನ ಬಿಡುಗಡೆ ಸಮಾರಂಭದ ಗದ್ದಲ ನಿಮ್ಮೂರಿನ ಬೇಡಿಕೆಯಲ್ಲ. ಪ್ರಶಸ್ತಿಯ ಮಾತೂ ಅಷ್ಟೇ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗಿನಂಥ ಸಂದರ್ಭದಲ್ಲಿ ಎರಡು ಪ್ರತಿ ತಂದು ಸರದಿಯ ಪಟ್ಟಿ ಮಾಡುವುದು ಜಾಣತನ. ಹತ್ತು ತಂದರೆ ವರ್ಷ ಕಳೆದ ಮೇಲೆ ಎಂಟು ಕಪಾಟಿನಲ್ಲೇ ಇರುತ್ತವೆ.

ಮೋಸ ಹೋಗುವುದು ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಲ್ಲಿ. ರಟ್ಟಿನ ಮೇಲೆ ಈ ವರ್ಷದ ಇಸವಿ ಮಿಂಚುತ್ತಿರುತ್ತದೆ, ಒಳಗೆ ಹಳೆಯ ಪುಟಗಳೇ. ಹಕ್ಕುಗಳ ಪುಟದಲ್ಲಿ ‘ಮರುಮುದ್ರಣ’ ಎಂದಿದೆಯೋ ‘ಪರಿಷ್ಕೃತ ಆವೃತ್ತಿ’ ಎಂದಿದೆಯೋ ನೋಡಿ, ಅದನ್ನೂ ನಂಬದೆ ಒಳಗೆ ಎರಡು ಕಡೆ ಪರೀಕ್ಷಿಸಿ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಕೊಲೆಯ ಶಿಕ್ಷೆಗೆ ಈಗ 103ನೇ ಕಲಂ, ವಂಚನೆಗೆ 318. ಅದಕ್ಕೆ ಮೊದಲಿದ್ದ ಭಾರತೀಯ ದಂಡ ಸಂಹಿತೆಯ (ಐಪಿಸಿ) 302, 420ನ್ನೇ ಜಾರಿಯಲ್ಲಿರುವ ಕಾನೂನೆಂದು ಹೇಳುವ ಪುಸ್ತಕವನ್ನು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಕೂತವರ ಕೈಗೆ ಕೊಡುವುದು ಅನ್ಯಾಯ. ಸಂವಿಧಾನದ ಪುಸ್ತಕವಾದರೆ 106ನೇ ತಿದ್ದುಪಡಿ ಹುಡುಕಿ. ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಿಡುವ ಈ ತಿದ್ದುಪಡಿ 2023ರದು. ಅದಿಲ್ಲದಿದ್ದರೆ ಇಸವಿ ಬದಲಾಗಿದೆ, ಪುಸ್ತಕ ಬದಲಾಗಿಲ್ಲ.

ಮಕ್ಕಳ ಪುಸ್ತಕಕ್ಕೆ ಮಾತ್ರ ಹೊತ್ತು ಕೊಡಬೇಕು. 16 ಅಥವಾ 24 ಪುಟದ ಚಿತ್ರಪುಸ್ತಕದ ನಡುವೆ ಎರಡು ಪಿನ್ನು ಹೊಡೆದಿರುತ್ತಾರೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಪಿನ್ನು ತುಕ್ಕು ಹಿಡಿದು ಸುತ್ತಲಿನ ಕಾಗದವನ್ನೂ ತಿನ್ನುತ್ತದೆ. ಮೊದಲು ಕಳಚುವುದು ನಡುವಿನ ಹಾಳೆ. ಅದಕ್ಕೆ ಸೆಲ್ಲೋಟೇಪ್ ಹಚ್ಚಿದರೆ ಅಂಟು ಹಳದಿಯಾಗಿ, ಜಿನುಗಿ, ಎದುರು ಪುಟವನ್ನೂ ಹಿಡಿದುಕೊಳ್ಳುತ್ತದೆ. ಹೊಸದಿರುವಾಗಲೇ ಪಿನ್ನು ಬಿಡಿಸಿ ದಾರ ಹಾಕಿಬಿಡುವುದು ಮೇಲು. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ: ಒಂದು ನಟ್ಟನಡುವೆ, ಇನ್ನೆರಡು ಮೇಲಿನ, ಕೆಳಗಿನ ಅಂಚಿನಿಂದ 4 ಸೆಂ.ಮೀ. ಒಳಗೆ. ಪುಸ್ತಕದ ಎತ್ತರಕ್ಕೆ ಎರಡೂವರೆ ಪಟ್ಟು ಉದ್ದದ ಗಟ್ಟಿ ಹತ್ತಿದಾರ ಸಾಕು. ಒಳಗಿನಿಂದ ನಡುತೂತಿನಲ್ಲಿ ಹೊರಕ್ಕೆ, ಬೆನ್ನಿನ ಮೇಲೆ ಸಾಗಿ ಮೇಲಿನ ತೂತಿನಲ್ಲಿ ಒಳಕ್ಕೆ, ಒಳಗೊಳಗೇ ನಡುತೂತನ್ನು ದಾಟಿ ಕೆಳಗಿನ ತೂತಿನಲ್ಲಿ ಹೊರಕ್ಕೆ, ಮರಳಿ ನಡುತೂತಿನಲ್ಲಿ ಒಳಕ್ಕೆ. ದಾರದ ಎರಡು ತುದಿ ಒಳಗಿನ ಉದ್ದ ಎಳೆಯ ಆಚೆಗೊಂದು ಈಚೆಗೊಂದು ಇರುವಂತೆ ಬಿಗಿದು ಗಂಟು ಹಾಕಿ. ಎರಡೂ ಒಂದೇ ಬದಿಗೆ ಬಂದರೆ ಆ ಎಳೆ ಸಿಕ್ಕಿಬೀಳದೆ ಹೊಲಿಗೆ ಸಡಿಲವಾಗುತ್ತದೆ. ರಟ್ಟಿಗೆ ಅಂಟು ಬೇಕಿದ್ದರೆ ಫೆವಿಕಾಲ್ ತೆಳ್ಳಗೆ ಬಳಿಯಿರಿ. ಹುಳು ಬೀಳದಿರಲೆಂದು ಬೈಂಡರುಗಳು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ರೂಢಿ ಇದೆ. ಅದು ವಿಷ. ಪುಸ್ತಕವನ್ನು ಬಾಯಿಗಿಡುವ ವಯಸ್ಸಿನವರ ಕೈಗೆ ಹೋಗುವುದಕ್ಕೆ ಅದು ಸಲ್ಲ.

ಮೈ ಆಯಿತು, ಇನ್ನು ಮಾತು. ಯಾವುದಾದರೂ ಎರಡು ಪುಟ ಗಟ್ಟಿಯಾಗಿ ಓದಿ. ‘ಹುಡುಗನು ಮರವನ್ನೇರಿದನು’ ಎಂಬಲ್ಲಿ ಎರಡನೇ ಪದವೊಂದಕ್ಕೇ ಏಳು ಅಕ್ಷರ, ನಡುವೆ ಒಂದು ಒತ್ತು, ಜೊತೆಗೆ ಸಂಧಿ. ‘ಹುಡುಗ ಮರ ಹತ್ತಿದ’ ಎಂದರೂ ಅದೇ ಅರ್ಥ. ಅಕ್ಷರ ಕೂಡಿಸಿ ಓದುವ ಮಗು ಕೊನೆಯ ಅಕ್ಷರಕ್ಕೆ ಬರುವಷ್ಟರಲ್ಲಿ ಮೊದಲನೆಯದನ್ನು ಮರೆತಿರುತ್ತದೆ. ‘ಬಾಗಿಲು ತೆರೆಯಲ್ಪಟ್ಟಿತು’ ಎಂಬಂಥ ಸಾಲು ಸಿಕ್ಕರೆ ಅದು ಅವಸರದ ಅನುವಾದ, ಚಿತ್ರ ಎಷ್ಟೇ ಚೆಂದವಿರಲಿ ಬಿಟ್ಟುಬಿಡಿ. ಅಕ್ಷರದ ಗಾತ್ರ 18 ಪಾಯಿಂಟಿಗಿಂತ ಕಡಿಮೆ ಬೇಡ. ಅದಕ್ಕಿಂತ ಮುಖ್ಯ ಸಾಲುಗಳ ನಡುವಿನ ಜಾಗ. ನಮ್ಮ ಲಿಪಿಯಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏಳುತ್ತದೆ. ಇಂಗ್ಲಿಷ್ ಪುಟದ ಅಳತೆಯಲ್ಲೇ ಕನ್ನಡ ತುಂಬಿದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ದುಡ್ಡು ಸಾಲದಿದ್ದರೆ, ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಗಳು ನಾಲ್ಕು ಹಂತಗಳಲ್ಲಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಂಡು ಮುದ್ರಿಸಬಹುದು. ಎ4 ಹಾಳೆ ಮಡಚಿ ಪುಸ್ತಕ ಮಾಡುವಾಗ ಪುಟಗಳು ನಾಲ್ಕರ ಗುಣಕದಲ್ಲಿರಬೇಕು, ಇಲ್ಲವಾದರೆ ಖಾಲಿ ಪುಟ ಉಳಿಯುತ್ತದೆ. ಹೊಲಿಗೆ ಮೇಲೆ ಹೇಳಿದ್ದೇ. ಇನ್ನು, ದಯವಿಟ್ಟು ಚಿತ್ರದ ಮೇಲೆ ಠಸ್ಸೆ ಬೇಡ. ಹಕ್ಕುಗಳ ಪುಟ ಇರುವುದೇ ಅದಕ್ಕೆ.

20,000 ರೂಪಾಯಿ ಕೈಯಲ್ಲಿದ್ದರೆ ಮಕ್ಕಳಿಗೆ 8,000, ದೊಡ್ಡವರಿಗೆ 7,000, ಹದಿಹರೆಯದವರಿಗೆ 5,000 ಎಂದು ಹಂಚುವುದು ಸರಿ ಎಂಬುದು ನನ್ನ ಲೆಕ್ಕ. ಸರಾಸರಿ 60 ರೂಪಾಯಿಯಂತೆ ಮಕ್ಕಳಿಗೆ 130ರಷ್ಟು ಪುಸ್ತಕ ಬರುತ್ತದೆ, 250ರಂತೆ ದೊಡ್ಡವರಿಗೆ 28. ನವೆಂಬರ್‌ನ ರಾಜ್ಯೋತ್ಸವದ ರಿಯಾಯಿತಿಗೆ ಕಾದರೆ ಇನ್ನಷ್ಟು.

ಹದಿಹರೆಯದವರ ಆ 5,000 ಖರ್ಚು ಮಾಡುವುದೇ ಕಷ್ಟ, ಅವರಿಗೆಂದೇ ಬರೆದ ಪುಸ್ತಕ ಕನ್ನಡದಲ್ಲಿ ಕಡಿಮೆ. ದೊಡ್ಡವರದು, ಮಕ್ಕಳದು ಎರಡೂ ಕಡೆಯಿಂದ ಆಯ್ದು ತರಬೇಕು: 150 ಪುಟ ಮೀರದ ಪತ್ತೇದಾರಿ ಕಾದಂಬರಿ, ಕಾಡು, ಶಿಕಾರಿ, ಪ್ರವಾಸದ ಬರಹ, ವಿಜ್ಞಾನ, ಕ್ರಿಕೆಟ್, ಚಿತ್ರಕಥೆ. ತಂದದ್ದನ್ನು ಎಲ್ಲಿಡುತ್ತೀರಿ ಎಂಬಲ್ಲಿ ಮುಕ್ಕಾಲು ಕೆಲಸ ಇದೆ. ಗ್ರಂಥಾಲಯಗಳಲ್ಲಿ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಕಥೆ, ಕಾದಂಬರಿಗೆಲ್ಲ 894.8143 ಒಂದೇ ಸಂಖ್ಯೆ. ಅದರಂತೆ ಜೋಡಿಸಿದರೆ ದಪ್ಪ ಕಾದಂಬರಿಗಳ ನಡುವೆ ಇವು ಮುಳುಗುತ್ತವೆ. ಮಕ್ಕಳ ಕಪಾಟಿನಲ್ಲಿಟ್ಟರೆ ಎಂಟನೇ ತರಗತಿಯವರು ಆ ಕಡೆ ತಲೆ ಹಾಕುವುದಿಲ್ಲ, ಗೆಳೆಯರು ನೋಡಿಯಾರು ಎಂಬ ನಾಚಿಕೆ. ದಿನಪತ್ರಿಕೆಯ ಮೇಜಿನ ಪಕ್ಕ, ಬೆನ್ನು ಕಾಣುವಂತಲ್ಲ, ರಟ್ಟು ಕಾಣುವಂತೆ ಇಡಿ. ಬೆನ್ನಿಗೆ ಒಂದು ಬಣ್ಣದ ಪಟ್ಟಿ ಸಾಕು, ‘ಕಿಶೋರ ಸಾಹಿತ್ಯ’ ಎಂಬ ಫಲಕ ಬೇಡ. ಜನವರಿಯಿಂದ ಮಾರ್ಚ್‌ವರೆಗೆ ಎಸ್ಸೆಸ್ಸೆಲ್ಸಿಯ ಗುಂಗು, ಆಗ ಹೊಸದನ್ನು ಹೊರಗಿಟ್ಟರೆ ಧೂಳು ಹಿಡಿಯುತ್ತದೆ. ಬಂದ ಪುಸ್ತಕಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರಿಗೆ ಏರಿಸಿ, ಪೆಟ್ಟಿಗೆಯಲ್ಲೇ ಇಟ್ಟುಕೊಂಡು, ಏಪ್ರಿಲ್‌ನಲ್ಲಿ ರಜೆ ಬಿಟ್ಟ ಮರುದಿನ ಹೊರತೆಗೆಯಿರಿ. ಒಂದೇ ಸಲ ಎಲ್ಲ ಅಲ್ಲ, ವಾರಕ್ಕೆ ಎಂಟು.