ರೀಮಕ್ಸ್ ಬೇರೆ, ಟ್ರಾನ್ಸ್‌ಕೋಡ್ ಬೇರೆ

'ಎಂಕೆವಿಯನ್ನು ಎಂಪಿ4ಗೆ ಕನ್ವರ್ಟ್ ಮಾಡುವ ಸ್ಕ್ರಿಪ್ಟ್' ಎಂದು ಜನ ಹಂಚಿಕೊಳ್ಳುವ ಸ್ಕ್ರಿಪ್ಟ್‌ಗಳನ್ನು ತೆರೆದು ನೋಡಿದರೆ ಮತ್ತೆ ಮತ್ತೆ ಅದೇ ಕಥೆ. ಎಫ್‌ಎಫ್‌ಎಂಪೆಗ್ ಎಂಬ ಕಮಾಂಡ್ ಲೈನ್ ವಿಡಿಯೋ ತಂತ್ರಾಂಶಕ್ಕೆ ಒಳಬರುವ ಫೈಲಿನ ಹೆಸರು ಒಂದು, ಹೊರಬರುವ ಫೈಲಿನ ಹೆಸರು ಇನ್ನೊಂದು. ನಡುವೆ ಬೇರೆ ಆಯ್ಕೆಯೇ ಇಲ್ಲ. ಫೋಲ್ಡರ್ ತುಂಬ ಪಾಠದ ವಿಡಿಯೋಗಳಿದ್ದರೆ ಪ್ರೊಸೆಸರ್ ರಾತ್ರಿಯಿಡೀ ದುಡಿಯುತ್ತದೆ. ಬೆಳಿಗ್ಗೆ ಸಿಗುವುದು ಮೊದಲಿಗಿಂತ ಕೊಂಚ ಮಸುಕಾದ ಚಿತ್ರ. ಅಲ್ಲಿ ಬೇಕಿದ್ದದ್ದು ರೀಮಕ್ಸ್, ಅಂದರೆ ಒಳಗಿನದನ್ನು ಮುಟ್ಟದೆ ಫೈಲಿನ ಡಬ್ಬಿ ಮಾತ್ರ ಬದಲಿಸುವುದು; ನಡೆದದ್ದು ಟ್ರಾನ್ಸ್‌ಕೋಡ್, ಅಂದರೆ ಚಿತ್ರವನ್ನೇ ಬಿಚ್ಚಿ ಮತ್ತೆ ಕುಗ್ಗಿಸುವುದು. ಎರಡನ್ನೂ 'ಕನ್ವರ್ಟ್' ಎಂದು ಕರೆಯುವುದನ್ನು ನಾವು ಇನ್ನಾದರೂ ಬಿಡಬೇಕು.

'ಮಕ್ಸ್' ಎಂಬುದು ಮಲ್ಟಿಪ್ಲೆಕ್ಸ್‌ನ ಚಿಕ್ಕ ರೂಪ. ಮಲ್ಟಿಪ್ಲೆಕ್ಸ್ ಅಂದಕೂಡಲೇ ನಮಗೆ ಮಾಲ್‌ನ ಸಿನಿಮಾ ಮಂದಿರ ನೆನಪಾಗುತ್ತದೆ, ಆದರೆ ಪದ ಅದಕ್ಕಿಂತ ಹಳೆಯದು. ಲ್ಯಾಟಿನ್‌ನಲ್ಲಿ 'ಮಲ್ಟಿ' ಎಂದರೆ ಹಲವು, 'ಪ್ಲೆಕ್ಸ್' ಹುಟ್ಟಿದ್ದು ಮಡಿಸುವುದು ಎಂಬ ಅರ್ಥದ ಮಾತಿನಿಂದ. ನಮ್ಮ ಇಮ್ಮಡಿ, ಮುಮ್ಮಡಿ, ನೂರ್ಮಡಿಗಳ 'ಮಡಿ' ಕೂಡ ಹೀಗೆಯೇ ಎಣಿಕೆಗೆ ಅಂಟಿಕೊಳ್ಳುತ್ತದೆ. ಟೆಲಿಗ್ರಾಫ್ ಕಾಲದಲ್ಲಿ ಒಂದೇ ತಂತಿಯಲ್ಲಿ ಹಲವು ಸಂದೇಶ ಕಳಿಸುವ ವಿದ್ಯೆಗೆ ಈ ಪದ ಬಂತು. 1874ರಲ್ಲಿ ಎಡಿಸನ್ ರೂಪಿಸಿದ ಕ್ವಾಡ್ರುಪ್ಲೆಕ್ಸ್, ಅಂದರೆ ನಾಲ್ಮಡಿ, ಒಂದು ತಂತಿಯಲ್ಲಿ ಏಕಕಾಲಕ್ಕೆ ನಾಲ್ಕು ಸಂದೇಶ ಸಾಗಿಸುತ್ತಿತ್ತು. ವಿಡಿಯೋ ಫೈಲಿನಲ್ಲೂ ಆಗುವುದು ಅದೇ. ಚಿತ್ರ, ಧ್ವನಿ, ಸಬ್‌ಟೈಟಲ್ ಬೇರೆ ಬೇರೆ ಹರಿವುಗಳು. ಅವನ್ನು ಸಣ್ಣ ಪ್ಯಾಕೆಟ್‌ಗಳಾಗಿ ಒಂದರ ನಡುವೆ ಒಂದು ಸೇರಿಸಿ ಒಂದೇ ಫೈಲ್ ಮಾಡುವುದು ಮಕ್ಸ್. ಬಿಡಿಸುವುದು ಡೀಮಕ್ಸ್. ಬಿಡಿಸಿ ಬೇರೆ ಡಬ್ಬಿಗೆ ತುಂಬುವುದು ರೀಮಕ್ಸ್. ಹಾಡಿನ ರೀಮಿಕ್ಸ್‌ಗೂ ಇದಕ್ಕೂ ಸಂಬಂಧವಿಲ್ಲ, ದಯವಿಟ್ಟು ಬೆರೆಸಬೇಡಿ.

ಎಂಕೆವಿ, ಎಂಪಿ4, ವೆಬ್‌ಎಂ ಇವೆಲ್ಲ ಡಬ್ಬಿಗಳು, ಅಂದರೆ ಕಂಟೇನರ್‌ಗಳು. ಎಚ್.264, ವಿಪಿ9, ಎವಿ1 ಒಳಗಿರುವ ಚಿತ್ರದ ಕೋಡೆಕ್‌ಗಳು, ಅಂದರೆ ಚಿತ್ರವನ್ನು ಕುಗ್ಗಿಸಿಡುವ ವಿಧಾನಗಳು. 'ನನ್ನ ವಿಡಿಯೋ ಎಂಪಿ4 ಕೋಡೆಕ್‌ನಲ್ಲಿದೆ' ಎಂದರೆ ಒಳಗೇನಿದೆ ಎಂದು ಗೊತ್ತಾಗುವುದೇ ಇಲ್ಲ. ಫೈಲಿನೊಳಗೇನಿದೆ ಎಂದು ತೋರಿಸುವ ಎಫ್‌ಎಫ್‌ಪ್ರೋಬ್ ಓಡಿಸಿ ನೋಡಿ, ಎರಡು ಕ್ಷಣದ ಕೆಲಸ. ಪರದೆ ರೆಕಾರ್ಡ್ ಮಾಡುವ ಓಬಿಎಸ್ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿದ ಎಂಕೆವಿಯೊಳಗೆ ಸಾಮಾನ್ಯವಾಗಿ ಎಚ್.264 ಚಿತ್ರ, ಎಎಸಿ ಧ್ವನಿ ಇರುತ್ತವೆ. ಇವೆರಡನ್ನೂ ಎಂಪಿ4 ಹಾಗೆಯೇ ಒಪ್ಪುತ್ತದೆ. ಓಬಿಎಸ್‌ನ ಮೆನುವಿನಲ್ಲೇ ರೆಕಾರ್ಡಿಂಗ್‌ಗಳನ್ನು ರೀಮಕ್ಸ್ ಮಾಡುವ ಆಯ್ಕೆ ಇದೆ. ಕಮಾಂಡ್ ಲೈನ್‌ನಲ್ಲಾದರೆ ಹೊರಬರುವ ಫೈಲಿನ ಹೆಸರಿಗೆ ಮೊದಲು 'ಸಿ ಕಾಪಿ' (-c copy) ಎಂಬ ಆಯ್ಕೆ ಸೇರಿಸಿದರೆ ಸಾಕು. ಚಿತ್ರದ ಒಂದು ಬಿಟ್ ಕೂಡ ಬದಲಾಗದು. ಗಂಟೆಯ ವಿಡಿಯೋ ಮುಗಿಯಲು ಹೆಚ್ಚೂ ಕಡಿಮೆ ಡಿಸ್ಕ್ ನಕಲಿಗೆ ಬೇಕಾದಷ್ಟೇ ಸಮಯ.

ಆ ಆಯ್ಕೆ ಇಲ್ಲದಿದ್ದರೆ ಎಫ್‌ಎಫ್‌ಎಂಪೆಗ್ ಟ್ರಾನ್ಸ್‌ಕೋಡ್‌ಗೆ ಇಳಿಯುತ್ತದೆ. ಪ್ರತಿ ಫ್ರೇಮ್ ಬಿಚ್ಚಿ, ಮತ್ತೆ ಕುಗ್ಗಿಸುತ್ತದೆ. ಕಂಪ್ರೆಶನ್‌ನಲ್ಲಿ ಮೊದಲೇ ಒಮ್ಮೆ ಕಳೆದುಹೋದ ವಿವರದ ಮೇಲೆ ಇನ್ನಷ್ಟು ಕಳೆಯುತ್ತದೆ. ಎಚ್.264 ಚಿತ್ರ ತಯಾರಿಸುವ ಎಕ್ಸ್264 ಎನ್‌ಕೋಡರ್‌ನಲ್ಲಿ ಗುಣಮಟ್ಟ ಹೇಳುವ ಸಿಆರ್‌ಎಫ್ ಮೌಲ್ಯ ಸುಮ್ನೆ ಬಿಟ್ಟರೆ 23. ಅದನ್ನು 18ಕ್ಕೆ ಇಳಿಸಿದರೆ ನಷ್ಟ ಕಡಿಮೆ ಎನ್ನುವವರಿದ್ದಾರೆ. ನಿಜ, ಆದರೆ ನಷ್ಟವೇ ಬೇಡದ ಕಡೆ ಆ ಚರ್ಚೆ ಯಾಕೆ?

ಟ್ರಾನ್ಸ್‌ಕೋಡ್ ಬೇಕಾಗುವ ಕೆಲಸಗಳೂ ಇವೆ. 1080ರಿಂದ 720ಕ್ಕೆ ಇಳಿಸಲು, ಸಬ್‌ಟೈಟಲ್ ಅನ್ನು ಚಿತ್ರದ ಮೇಲೆಯೇ ಅಚ್ಚೊತ್ತಲು ಅದೇ ದಾರಿ, ಏಕೆಂದರೆ ಫಿಲ್ಟರ್ (ಚಿತ್ರವನ್ನೇ ಬದಲಿಸುವ ಕ್ರಿಯೆ) ಮತ್ತು ಕಾಪಿ ಒಟ್ಟಿಗೆ ನಡೆಯುವುದಿಲ್ಲ. ವೆಬ್‌ಎಂ ಡಬ್ಬಿ ಎಚ್.264 ಅನ್ನು ಒಪ್ಪುವುದಿಲ್ಲ, ಅಲ್ಲೂ ಟ್ರಾನ್ಸ್‌ಕೋಡ್ ತಪ್ಪದು. ಕಾಪಿ ಇಟ್ಟುಕೊಂಡು ವಿಡಿಯೋ ಕತ್ತರಿಸಿದರೆ ಆರಂಭ ಹೇಳಿದ ಕ್ಷಣಕ್ಕೇ ಕೂರುವುದಿಲ್ಲ, ಹತ್ತಿರದ ಕೀಫ್ರೇಮ್‌ಗೆ, ಅಂದರೆ ಬೇರೆ ಫ್ರೇಮ್‌ಗಳ ನೆರವಿಲ್ಲದೆ ಪೂರ್ಣವಾಗಿ ತೆರೆದುಕೊಳ್ಳುವ ಫ್ರೇಮ್‌ಗೆ, ಸರಿಯುತ್ತದೆ. ನಿಖರವಾಗಿ ಬೇಕೆಂದರೆ ಮತ್ತೆ ಎನ್‌ಕೋಡ್ ಮಾಡಿ.

ರೀಮಕ್ಸ್‌ನಲ್ಲಿ ಜಾಸ್ತಿ ಜನ ಎಡವುವುದು ಇಲ್ಲಿ. ಒಂದೇ ಫೈಲಿನಲ್ಲಿ ಕನ್ನಡ, ತೆಲುಗು ಎರಡೂ ಧ್ವನಿ ಇದ್ದರೆ ಎಫ್‌ಎಫ್‌ಎಂಪೆಗ್ ತಾನಾಗಿ ಒಂದನ್ನೇ ಆರಿಸಿಕೊಳ್ಳುತ್ತದೆ. ಎಲ್ಲವೂ ಬೇಕೆಂದರೆ 'ಮ್ಯಾಪ್ 0' (-map 0) ಎಂದು ಹೇಳಬೇಕು. ಆಗ ಎಸ್‌ಆರ್‌ಟಿ ಸಬ್‌ಟೈಟಲ್ ಇದ್ದರೆ ಎಂಪಿ4 ತಕರಾರು ತೆಗೆಯುತ್ತದೆ. ಸಬ್‌ಟೈಟಲ್‌ಗೆ ಮಾತ್ರ ಎಂಪಿ4 ಒಪ್ಪುವ 'ಮೂವ್ ಟೆಕ್ಸ್ಟ್' (-c:s mov_text) ಎಂದು ಬೇರೆಯಾಗಿ ಕೊಡಿ, ಉಳಿದವು ಕಾಪಿಯಾಗಿಯೇ ಇರಲಿ.

ಇನ್ನು ಸ್ಕ್ರಿಪ್ಟ್. ಫೈಲ್ ಹೆಸರುಗಳನ್ನು ಸಾಲುಸಾಲಾಗಿ ಓದುವ ವೈಲ್ ಲೂಪ್‌ನೊಳಗೆ ಎಫ್‌ಎಫ್‌ಎಂಪೆಗ್ ಇಟ್ಟರೆ, ಅದು ಕೀಬೋರ್ಡ್ ಆದೇಶ ಬಂತೆಂದು ಆ ಹೆಸರುಗಳನ್ನೇ ನುಂಗುತ್ತದೆ. ಮೊದಲ ಫೈಲ್ ಸರಿಯಾಗಿ ಆಗಿ, ನಂತರದ ಹೆಸರುಗಳು ಅರ್ಧಂಬರ್ಧ ಬರುತ್ತಿದ್ದರೆ ಕಾರಣ ಇದೇ. ಒಳಬರುವ ಆದೇಶ ಓದಬೇಡ ಎನ್ನುವ 'ನೋ ಎಸ್‌ಟಿಡಿಇನ್' (-nostdin) ಆಯ್ಕೆ ಕೊಟ್ಟರೆ ಸರಿಹೋಗುತ್ತದೆ.