ನೆರವು ತಲುಪಿತೇ ಎಂದು ನೋಡುವವರನ್ನು ನೇಮಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಮ್ಮದು ಸಣ್ಣ ಸ್ವಯಂಸೇವಾ ಸಂಸ್ಥೆ. ಬೆಳಗಾವಿ ಜಿಲ್ಲೆಯಲ್ಲಿ ಘಟಪ್ರಭಾ, ಮಲಪ್ರಭಾ ದಂಡೆಯ 24 ಊರುಗಳ 1,200 ನೆರೆ ಸಂತ್ರಸ್ತ ಕುಟುಂಬಗಳಿಗೆ ಆಹಾರದ ಕಿಟ್ ಕೊಡಲಿದ್ದೇವೆ. ಹಂಚುವ ಕೆಲಸವನ್ನು ಅಲ್ಲಿನ ಸಂಘಗಳಿಗೆ ವಹಿಸಿದ್ದೇವೆ. ಸಾಮಾನು ಸರಿಯಾಗಿ ತಲುಪಿತೇ ಎಂದು ನೋಡಲು ಫೀಲ್ಡ್ ಮಾನಿಟರ್‌ಗಳನ್ನು ಇಟ್ಟುಕೊಳ್ಳಿ ಎಂದು ದಾನಿಗಳು ಹೇಳುತ್ತಿದ್ದಾರೆ. ಎಷ್ಟು ಜನ ಬೇಕು, ಎಂಥವರು ಬೇಕು, ಅವರಿಂದ ಯಾವ ಕೆಲಸ ಮಾಡಿಸಬೇಕು?

ಉತ್ತರ: ಎಷ್ಟು ಜನ ಎನ್ನುವುದಕ್ಕಿಂತ ಮೊದಲು ಅವರು ಏನನ್ನು ನೋಡಬೇಕು ಎಂದು ತೀರ್ಮಾನಿಸಿಕೊಳ್ಳಿ. ಹೆಚ್ಚಿನ ಸಂಸ್ಥೆಗಳು ಕಿಟ್ ಪಡೆದವರ ಮನೆಗೆ ಹೋಗಿ "ಸಿಕ್ಕಿತಾ?" ಎಂದು ಕೇಳಿಸಿ, ನೂರಕ್ಕೆ ತೊಂಬತ್ತೆಂಟು ಜನ "ಹೌದು" ಅಂದರು ಎಂದು ವರದಿ ಬರೆಯುತ್ತವೆ. ಪಡೆದವರನ್ನೇ ಕೇಳಿದರೆ ಇನ್ನೇನು ಉತ್ತರ ಬರುತ್ತದೆ? ನೆರೆ ಪರಿಹಾರದಲ್ಲಿ ದೊಡ್ಡ ಅನ್ಯಾಯ ಲಾರಿಯಲ್ಲಿ ನಡೆಯುವುದಕ್ಕಿಂತ ಪಟ್ಟಿಯಲ್ಲೇ ನಡೆಯುವುದು ಹೆಚ್ಚು. ಮಾನಿಟರ್ ಹುಡುಕಬೇಕಾದ್ದು ಮುಖ್ಯವಾಗಿ ಕಿಟ್ ಸಿಗದವರನ್ನು. ನೇಮಕಾತಿ, ತರಬೇತಿ, ಪ್ರಶ್ನಾವಳಿ ಎಲ್ಲವೂ ಇದರ ಮೇಲೆ ನಿಲ್ಲಬೇಕು.

2019ರ ಆಗಸ್ಟ್ ನೆರೆಯ ನಂತರ ಸರ್ಕಾರ ತಕ್ಷಣದ ಖರ್ಚಿಗೆಂದು ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಟ್ಟಿತು. ಇಂಥ ಪಟ್ಟಿ ಮನೆಯ ದಾಖಲೆಯ ಮೇಲೆ ನಿಲ್ಲುತ್ತದೆ. ಮನೆ ಅಜ್ಜನ ಹೆಸರಿನಲ್ಲಿದ್ದು ಒಳಗೆ ಮೂವರು ಅಣ್ಣತಮ್ಮಂದಿರು ಮೂರು ಒಲೆ ಹೂಡಿಕೊಂಡಿದ್ದರೆ ದಾಖಲೆಗೆ ಅದು ಒಂದೇ ಮನೆ. ಬಾಡಿಗೆಗೆ ಇದ್ದವರು, ತೋಟದ ಮನೆಯಲ್ಲಿ ಇದ್ದವರು, ಕಂದಾಯ ಗ್ರಾಮದ ಹೆಸರಿನಡಿ ಮುಚ್ಚಿಹೋಗುವ ಲಂಬಾಣಿ ತಾಂಡಾದವರು, ಕಬ್ಬು ಕಡಿಯಲು ಹೊರಗೆ ಹೋದವರು ಸುಲಭವಾಗಿ ಬಿಟ್ಟುಹೋಗುತ್ತಾರೆ. ನಿಮ್ಮ ಸಂಘಗಳು ಅಂಥದೇ ಪಟ್ಟಿಯನ್ನು ನಕಲು ಮಾಡಿಕೊಂಡಿದ್ದರೆ ಹಳೆಯ ತಪ್ಪೆಲ್ಲ ನಿಮ್ಮದೂ ಆಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. 1,200 ಕುಟುಂಬಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸಿದ 89 ಮನೆಗಳನ್ನು ಮಾತಾಡಿಸಿದರೆ, ಶೇ 95ರ ಭರವಸೆಯಲ್ಲಿ (ಅಂದರೆ ಇಂಥ ನೂರು ಸಮೀಕ್ಷೆಯಲ್ಲಿ ತೊಂಬತ್ತೈದು ಸಲ), ಹೆಚ್ಚೆಂದರೆ ಶೇ 10 ಅಂಶ ಅತ್ತಿತ್ತ ಇರುವ ಉತ್ತರ ಸಿಗುತ್ತದೆ. ಆ ವ್ಯತ್ಯಾಸ ಶೇ 5ಕ್ಕೆ ಇಳಿಯಬೇಕೆಂದರೆ 291 ಮನೆ ಬೇಕು. ಸಣ್ಣ ಸಂಸ್ಥೆಗೆ ಮೊದಲನೆಯದೇ ಸಾಕು. ಉಳಿದ ದುಡ್ಡನ್ನು ಬಿಟ್ಟುಹೋದವರನ್ನು ಹುಡುಕಲು ಬಳಸಿ. ಬಾಗಿಲು ಹಾಕಿದ ಮನೆ, ಊರಲ್ಲಿಲ್ಲದವರು ಎಂದು ಶೇ 15ರಷ್ಟು ಕೈತಪ್ಪುವುದರಿಂದ 105 ಹೆಸರು ಎತ್ತಿ. ಇದರ ಜೊತೆಗೆ ಪ್ರತಿ ಊರಿನಲ್ಲೂ ಪಟ್ಟಿಯಲ್ಲಿಲ್ಲದ ಮೂರು ಮನೆ: ಒಂದು ಹೊಳೆಯ ಅಂಚಿನದು, ಒಂದು ದಲಿತ ಕೇರಿ ಅಥವಾ ತಾಂಡಾದ್ದು, ಒಂದು ಊರ ಹೊರಗಿನ ತೋಟದ್ದು. ಇವು 72 ಆಗುತ್ತವೆ. ಇವನ್ನು ನೀವು ಬೇಕೆಂದೇ ಆರಿಸಿಕೊಂಡಿರುವುದರಿಂದ ಶೇಕಡಾವಾರು ಲೆಕ್ಕಕ್ಕೆ ಸೇರಿಸಬಾರದು. ಯಾಕೆ ಬಿಟ್ಟುಹೋದರು ಎಂಬ ಕಾರಣ ತಿಳಿಯಲು ಮಾತ್ರ ಇವು ಇರುವುದು.

ಒಟ್ಟು 177 ಮನೆ. ಅರ್ಧ ಗಂಟೆಯ ಮಾತುಕತೆ, ಓಡಾಟ, ಮನೆ ಹುಡುಕಾಟ ಸೇರಿ ಒಬ್ಬರಿಗೆ ದಿನಕ್ಕೆ 8 ಮನೆ ನ್ಯಾಯವಾದ ಲೆಕ್ಕ. ಹದಿನೈದು ಮನೆ ಮಾಡಿ ಎಂದರೆ ಕೊನೆಯ ಐದು ಮನೆಗಳ ಫಾರ್ಮ್ ಬಸ್ ನಿಲ್ದಾಣದಲ್ಲಿ ಕೂತು ತುಂಬಿದ್ದಾಗಿರುತ್ತದೆ. 8ರಂತೆ 22 ಆಳು-ದಿನ, ಅಂದರೆ ನಾಲ್ವರಿಗೆ ಆರು ದಿನ. ಹಂಚಿಕೆಯ ದಿನಗಳಲ್ಲಿ ಪ್ರತಿ ಹಂಚಿಕೆ ಸ್ಥಳಕ್ಕೂ ಇದೇ ನಾಲ್ವರಲ್ಲಿ ಒಬ್ಬರು ಹೋಗಲಿ. ಒಂದೇ ದಿನ ನಾಲ್ಕಕ್ಕಿಂತ ಹೆಚ್ಚು ಕಡೆ ಹಂಚಬಾರದು ಎಂದು ಸಂಘಗಳಿಗೆ ಮೊದಲೇ ಹೇಳಿಬಿಡಿ. ಆರು ಜನರಿಗೆ ತರಬೇತಿ ಕೊಟ್ಟು ನಾಲ್ವರನ್ನು ಇಟ್ಟುಕೊಳ್ಳಿ, ಉಳಿದಿಬ್ಬರು ಮೀಸಲು. ತರಬೇತಿಯ ಮೂರು ದಿನವೂ ಆರೂ ಜನರಿಗೆ ದಿನಗೂಲಿ ಕೊಡಲೇಬೇಕು.

ಎಂಥವರು ಬೇಕು? ಅದೇ ಊರಿನವರಿಗೆ ಎಲ್ಲರ ಪರಿಚಯ ಇರುತ್ತದೆ, ಆದರೆ ಸಾಲ, ಸಂಬಂಧ, ಪಂಚಾಯಿತಿಯ ಹಂಗೂ ಇರುತ್ತದೆ. ದೂರದ ಊರಿನವರಿಗೆ ಹಂಗಿಲ್ಲ, ಆದರೆ ಜನರ ಮಾತಿನ ಒಳದನಿ ಅರ್ಥವಾಗದು. ಆದ್ದರಿಂದ ಪಕ್ಕದ ತಾಲ್ಲೂಕಿನವರನ್ನು ಆರಿಸಿ. ರಾಮದುರ್ಗಕ್ಕೆ ಸವದತ್ತಿಯವರು, ಗೋಕಾಕಕ್ಕೆ ಹುಕ್ಕೇರಿಯವರು. ಪಿಯುಸಿ ಆಗಿದ್ದರೆ ಸಾಕು, ಸಮಾಜಕಾರ್ಯದ ಸ್ನಾತಕೋತ್ತರ ಪದವಿಯೇ (ಎಂಎಸ್‌ಡಬ್ಲ್ಯೂ) ಬೇಕೆಂದಿಲ್ಲ. ಹಿಂದೆ ಗಣತಿ ಅಥವಾ ಸಮೀಕ್ಷೆ ಮಾಡಿದವರು ಸಿಕ್ಕರೆ ಒಳ್ಳೆಯದು. ನಾಲ್ವರಲ್ಲಿ ಇಬ್ಬರು ಹೆಣ್ಣುಮಕ್ಕಳು ಇರಲೇಬೇಕು. ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳುವ ಮಾತನ್ನು ಯಾವ ಹೆಣ್ಣುಮಗಳೂ ಅಪರಿಚಿತ ಗಂಡಸಿಗೆ ಹೇಳುವುದಿಲ್ಲ. ತಂಡದಲ್ಲಿ ದಲಿತ, ಲಂಬಾಣಿ ಸಮುದಾಯದವರು ಇರಲಿ. ಕೇರಿಗೆ ಹೋಗಲು ಹಿಂಜರಿಯುವ ಮಾನಿಟರ್ ಅಲ್ಲಿಯವರನ್ನೆಲ್ಲ ಹನುಮಪ್ಪನ ಗುಡಿ ಕಟ್ಟೆಗೆ ಕರೆಸಿಕೊಂಡು ಗುಂಪಿನಲ್ಲಿ ಕೇಳಿ ಮುಗಿಸುತ್ತಾರೆ. ಕಟ್ಟೆಯ ಮೇಲೆ ಊರ ಹಿರಿಯರು ಕೂತಿರುವಾಗ ಯಾರೂ ದೂರು ಹೇಳುವುದಿಲ್ಲ. ಹಂಚುವ ಸಂಘದ ಸದಸ್ಯರು, ಅವರ ನೆಂಟರು, ಪಂಚಾಯಿತಿ ಸದಸ್ಯರ ಮನೆಯವರು, ಕಿಟ್ ಪೂರೈಸಿದ ಅಂಗಡಿಯವರ ಕಡೆಯವರು ಬೇಡವೇ ಬೇಡ. ಇದನ್ನು ಅರ್ಜಿಯಲ್ಲೇ ಕೇಳಿ ಸಹಿ ಪಡೆಯಿರಿ.

ಸಂದರ್ಶನದಲ್ಲಿ "ನಿಮ್ಮ ಬಗ್ಗೆ ಹೇಳಿ" ಎಂದು ಕೇಳಿ ಪ್ರಯೋಜನವಿಲ್ಲ. 20 ಮನೆಗಳ ಒಂದು ಹಂಚಿಕೆ ಹಾಳೆ ಕೊಡಿ. ಅದರಲ್ಲಿ ಬೇಕೆಂದೇ ಮೂರು ತಪ್ಪು ಇಡಿ: ಎರಡು ಹೆಸರಿಗೆ ಒಂದೇ ಮೊಬೈಲ್ ಸಂಖ್ಯೆ, ಒಂದೇ ಕೈಬರಹದ ಐದು ಸಹಿ, ಇಳಿಸಿದ ಚೀಲಕ್ಕಿಂತ ಹಂಚಿದ ಚೀಲ ಹೆಚ್ಚು. ಹದಿನೈದು ನಿಮಿಷದಲ್ಲಿ ಎಷ್ಟನ್ನು ಹಿಡಿಯುತ್ತಾರೆ ನೋಡಿ. ಆಮೇಲೆ ಒಂದು ಸನ್ನಿವೇಶ ಹೇಳಿ: "ಹೆಸರು ಹಾಕಲು 200 ರೂಪಾಯಿ ತಗೊಂಡರು, ಆದರೆ ಬರೀಬ್ಯಾಡ್ರಿ" ಎಂದು ಅಜ್ಜಿಯೊಬ್ಬರು ಹೇಳಿದರೆ ಏನು ಮಾಡುತ್ತೀರಿ? ತಕ್ಷಣ ಸಂಘದವರನ್ನು ಕರೆದು ಕೇಳುತ್ತೇನೆ ಎನ್ನುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಈ ಕೆಲಸಕ್ಕೆ ಸಲ್ಲರು. ಅಜ್ಜಿಯ ಹೆಸರು ಬಯಲಾದರೆ ಮುಂದಿನ ಸಲ ಆಕೆಗೆ ಏನೂ ಸಿಗುವುದಿಲ್ಲ. ಹೆಸರಿಲ್ಲದೆ, ಊರು ಮತ್ತು ದೂರಿನ ಬಗೆಯನ್ನಷ್ಟೇ ನಿಮಗೆ ತಲುಪಿಸುತ್ತೇನೆ ಎನ್ನುವವರು ಬೇಕು.

ಸಂಬಳವನ್ನು ಫಾರ್ಮ್ ಲೆಕ್ಕದಲ್ಲಿ ಎಂದಿಗೂ ಕೊಡಬೇಡಿ. ಫಾರ್ಮಿಗಿಷ್ಟು ಎಂದ ದಿನದಿಂದ ಸುಳ್ಳು ಫಾರ್ಮ್‌ಗಳು ಹುಟ್ಟುತ್ತವೆ. ದಿನಕ್ಕಿಷ್ಟು ಎಂದು, ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಕೊಡಿ. ಪೆಟ್ರೋಲು, ಊಟ, ಮೊಬೈಲ್ ಡೇಟಾ ಬೇರೆ. ಸಂಘದವರ ಗಾಡಿಯಲ್ಲಿ ಹೋಗುವುದು, ಅವರ ಮನೆಯಲ್ಲಿ ಉಳಿಯುವುದು ಬೇಡ ಎಂದು ಒಪ್ಪಂದದಲ್ಲಿ ಬರೆಯಿರಿ. ಬರೆದರೆ ಸಾಲದು, ಬೇರೆ ಗಾಡಿಯ ಖರ್ಚನ್ನು ನೀವು ಕೊಟ್ಟರೆ ಮಾತ್ರ ಆ ನಿಯಮ ನಿಲ್ಲುತ್ತದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ, ಎಲ್ಲರಿಗೂ ಮಾಡಿಸಿ. ವಿದೇಶಿ ದೇಣಿಗೆಯ ಹಣವಾದರೆ ಇನ್ನೊಂದು ಮಾತು: ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಮಾನಿಟರ್ ಖರ್ಚು ಯಾವ ಬಾಬತ್ತಿಗೆ ಹೋಗುತ್ತದೆ ಎಂದು ನೇಮಕಕ್ಕೆ ಮುಂಚೆಯೇ ಆಡಿಟರ್ ಹತ್ತಿರ ಬರೆಸಿಕೊಳ್ಳಿ.

ತರಬೇತಿಯ ಮೊದಲ ದಿನ ಕಿಟ್, ಎರಡನೇ ದಿನ ಫಾರ್ಮ್, ಮೂರನೇ ದಿನ ಪಟ್ಟಿಯಲ್ಲಿಲ್ಲದ ಒಂದು ಊರಿನಲ್ಲಿ ಪ್ರಯೋಗ. ಪ್ರಶ್ನೆ ಮೂವತ್ತು ಮೀರದಿರಲಿ. ಅವನ್ನು ಕೇಳುವ ರೀತಿಯನ್ನು ತಿದ್ದುವುದಕ್ಕೇ ಹೆಚ್ಚು ಹೊತ್ತು ಕೊಡಿ. "ಎಲ್ಲಾ ಸಾಮಾನು ಬಂತೇನ್ರಿ?" ಎಂದರೆ "ಬಂದಾವ್ರಿ" ಎಂದು ಮುಗಿಯುತ್ತದೆ. "ಚೀಲದಾಗ ಏನೇನ ಇತ್ತರಿ?" ಎಂದು ಕೇಳಿ ಅವರೇ ಎಣಿಸಲಿ. ಎಣ್ಣೆಯ ಹೆಸರು ಬರದಿದ್ದರೆ ಅಲ್ಲಿಂದ ಮುಂದಕ್ಕೆ ಕೇಳಬಹುದು. "ಲಂಚ ಕೊಟ್ಟಿರೇನು?" ಎಂದರೆ ಬಾಯಿ ಮುಚ್ಚುತ್ತದೆ. "ಯಾರಿಗರ ಏನರ ಕೊಡಬೇಕಾತೇನ್ರಿ, ಚಹಾದ ಖರ್ಚು, ಟ್ರ್ಯಾಕ್ಟರ್ ಬಾಡಿಗಿ?" ಎಂದರೆ ಮಾತು ಬರುತ್ತದೆ. ಕಿಟ್‌ಗಳನ್ನು ರಸ್ತೆಯ ಬದಿಯಲ್ಲೇ ಇಳಿಸಿ, ಮೂರು ಕಿಲೋಮೀಟರ್ ಒಳಗಿನವರು ಹಂಚಿಕೊಂಡು ಟ್ರ್ಯಾಕ್ಟರ್ ಮಾಡಿಕೊಳ್ಳಬೇಕಾಗಿ ಬಂದಿದ್ದರೆ ಅದೂ ನೆರವಿನಲ್ಲಿ ಬಿದ್ದ ಖೋತಾ.

ಹಂಚಿಕೆಯ ದಿನ ಮಾನಿಟರ್ ಚೀಲ ಎತ್ತುವುದಾಗಲಿ, ಸಾಲು ಸರಿ ಮಾಡುವುದಾಗಲಿ ಬೇಡ. ಅವರ ಕೈಯಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ಇರಲಿ. ಲಾರಿಗೆ ತುಂಬಿದ್ದೆಷ್ಟು, ಇಳಿದದ್ದೆಷ್ಟು, ಹಂಚಿದ್ದೆಷ್ಟು, ಉಳಿದದ್ದೆಷ್ಟು ಎಂಬ ನಾಲ್ಕು ಸಂಖ್ಯೆ ಬರೆದುಕೊಂಡು, ಪ್ರತಿ ಇಪ್ಪತ್ತನೇ ಚೀಲವನ್ನು ಬಿಚ್ಚಿ ತೂಗಲಿ. ಕಿಟ್ ಪಡೆಯದೆ ವಾಪಸು ಹೋದವರನ್ನು ಗೇಟಿನ ಹೊರಗೆ ಮಾತಾಡಿಸಲಿ. ಮುದುಕರು, ಬಾಣಂತಿಯರು ಎಷ್ಟು ಹೊತ್ತು ಬಿಸಿಲಲ್ಲಿ ನಿಂತರು ಎಂಬುದನ್ನೂ ಬರೆಯಲಿ.

ಮನೆ ಭೇಟಿ ಹಂಚಿಕೆಯಾದ ಎರಡು-ಮೂರು ವಾರಕ್ಕೆ. ತಡವಾದರೆ ಜನ ಮರೆಯುತ್ತಾರೆ, ಬೇಗ ಹೋದರೆ ಸಾಮಾನು ಏನಾಯಿತು ಎಂದು ತಿಳಿಯದು. ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ಹೊಲದಿಂದ ಬಂದ ಮೇಲೆ ಹೋಗಬೇಕು. ಹತ್ತಿರದ ಸಂತೆಯನ್ನೂ ಒಮ್ಮೆ ನೋಡಿ ಬರಲಿ. ಇಥಿಯೋಪಿಯಾದಲ್ಲಿ ನೆರವಿನ ಧಾನ್ಯ ಮಾರುಕಟ್ಟೆಗೆ ಹರಿದುಹೋಗುತ್ತಿದೆ ಎಂದು ತಿಳಿದು 2023ರ ಜೂನ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಇಡೀ ದೇಶದಲ್ಲಿ ಆಹಾರ ನೆರವನ್ನೇ ನಿಲ್ಲಿಸಬೇಕಾಯಿತು. ಆದರೆ ಸಂತೆಯಲ್ಲಿ ಕಿಟ್‌ನ ಅಕ್ಕಿ ಕಂಡ ಮಾತ್ರಕ್ಕೆ ಕಳವು ಎಂದು ತೀರ್ಮಾನಿಸಬೇಡಿ. ಜೋಳದ ರೊಟ್ಟಿ ತಿನ್ನುವ ಮನೆಗೆ 25 ಕಿಲೋ ಅಕ್ಕಿ ಕೊಟ್ಟರೆ ಮನೆಯಾಕೆ ಅದರಲ್ಲಿ ಹತ್ತು ಕಿಲೋ ಮಾರಿ ಜೋಳ ತರುತ್ತಾಳೆ. ಅದು ಕಿಟ್ ಆರಿಸಿದವರ ತಪ್ಪು, ಅವಳದಲ್ಲ. ಹೊಲಿಗೆ ಬಿಚ್ಚದ ಹತ್ತಾರು ಚೀಲ ಒಂದೇ ಅಂಗಡಿಯಲ್ಲಿದ್ದರೆ ಮಾತ್ರ ಮೇಲಿನಿಂದಲೇ ಸೋರಿದೆ ಎಂದು ಅನುಮಾನಿಸಬೇಕು.

ಫಾರ್ಮ್‌ಗೆ ಕೋಬೋ ಟೂಲ್‌ಬಾಕ್ಸ್ ಎಂಬ, ಮೊಬೈಲ್‌ನಲ್ಲೇ ಸಮೀಕ್ಷೆ ತುಂಬುವ ತಂತ್ರಾಂಶ ಬಳಸಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ತುಂಬಿಟ್ಟು ಆಮೇಲೆ ಕಳಿಸಲು ಬರುತ್ತದೆ. ಪ್ರತಿದಿನ ರಾತ್ರಿ ಮೂರು ವಿಷಯ ನೋಡಿ: ಅರ್ಧ ಗಂಟೆಯ ಫಾರ್ಮ್ ಆರು ನಿಮಿಷದಲ್ಲಿ ಮುಗಿದಿದೆಯೇ, ಎಂಟು ಮನೆಯ ಜಿಪಿಎಸ್ ಒಂದೇ ಜಾಗ ತೋರಿಸುತ್ತಿದೆಯೇ, ಉತ್ತರಗಳು ಅಚ್ಚೊತ್ತಿದಂತಿವೆಯೇ. ಹತ್ತರಲ್ಲಿ ಒಂದು ಮನೆಗೆ ಮೂರು ದಿನದೊಳಗೆ ನೀವೇ ಫೋನ್ ಮಾಡಿ ಎರಡು ಪ್ರಶ್ನೆ ಮತ್ತೆ ಕೇಳಿ. ಆಧಾರ್ ಕಾರ್ಡಿನ ಫೋಟೊ ತೆಗೆಯಬಾರದು, ಗುರುತಿಗೆ ಕೊನೆಯ ನಾಲ್ಕು ಅಂಕಿ ಸಾಕು.

ಮಾನಿಟರ್‌ಗಳ ವರದಿ ಹಂಚಿಕೆ ನೋಡಿಕೊಳ್ಳುವ ಅಧಿಕಾರಿಯ ಕೈಗೆ ಹೋಗಕೂಡದು. ಅದು ಸಂಸ್ಥೆಯ ಮುಖ್ಯಸ್ಥರಿಗೇ ನೇರ ಬರಲಿ. ಹಣ ಕೇಳಿದ್ದು, ಹೆಣ್ಣುಮಕ್ಕಳೊಂದಿಗೆ ಅಸಭ್ಯ ವರ್ತನೆ, ಕೆಟ್ಟುಹೋದ ಆಹಾರ ಇವು 24 ಗಂಟೆಯೊಳಗೆ ಫೋನಿನಲ್ಲಿ, ಉಳಿದದ್ದು ವಾರಕ್ಕೊಮ್ಮೆ. ಒಂದು ಪುಸ್ತಕ ಇಟ್ಟು ಊರು, ದೂರು, ಉತ್ತರಿಸಬೇಕಾದವರು, ಗಡುವು, ಏನಾಯಿತು ಎಂದು ಐದು ಕಾಲಂ ಹಾಕಿಕೊಳ್ಳಿ. ಕೊನೆಯ ಕಾಲಂ ಖಾಲಿ ಇರುವಷ್ಟು ದಿನ ಸಂಘದ ಮುಂದಿನ ಕಂತು ತಡೆಹಿಡಿಯಬಹುದು ಎಂಬ ಷರತ್ತು ಒಪ್ಪಂದದಲ್ಲಿರಲಿ. ಜೊತೆಗೆ, ಬಿಟ್ಟುಹೋದವರಿಗೆಂದು ಮೊದಲೇ 60 ಕಿಟ್ ತೆಗೆದಿಡಿ. ಮಾನಿಟರ್ ಹೆಸರು ಬರೆದುಕೊಂಡು ಹೋದ ಮನೆಗೆ ಏನೂ ಬಾರದಿದ್ದರೆ ಎರಡನೇ ಸಲ ಆ ಬಾಗಿಲಲ್ಲಿ ಯಾರೂ ಮಾತಾಡುವುದಿಲ್ಲ.