ಕೋಟಿ ಮೊಟ್ಟೆ, ಬೆರಳೆಣಿಕೆಯ ತಾಯಂದಿರು: ಕಡಲತೀರದ ಅಕಶೇರುಕಗಳ ವಂಶವಾಹಿ ವೈವಿಧ್ಯ

ಇಳಿತದಲ್ಲಿ ನೀರಿನಿಂದ ಹೊರಬಿದ್ದ ಬಂಡೆಯ ಮೇಲೆ ಅಂಗೈಯಗಲ ಜಾಗದಲ್ಲೇ ನೂರಾರು ಬಾರ್ನಕಲ್‌ಗಳು ಅಂಟಿಕೊಂಡಿರುವುದುಂಟು. ಮಸೆಲ್ ಚಿಪ್ಪುಗಳು ಗೊಂಚಲುಗಟ್ಟಿ, ಸಿಂಪಿಗಳು ಒಂದರ ಮೇಲೊಂದು ಹೇರಿಕೊಂಡು ಬೆಳೆದಿರುತ್ತವೆ. ಇಷ್ಟು ಹೇರಳವಾಗಿರುವ ಜೀವಿಯಲ್ಲಿ ವಂಶವಾಹಿಗಳ ವೈವಿಧ್ಯಕ್ಕೇನು ಕೊರತೆ, ನೀರು ಎಲ್ಲವನ್ನೂ ಎಲ್ಲೆಡೆ ಬೆರೆಸುತ್ತಲೇ ಇರುತ್ತದಲ್ಲ ಎಂದು ಅನ್ನಿಸುವುದು ಸಹಜ. ಈ ಎರಡೂ ಊಹೆಗಳು ಅರ್ಧ ಮಾತ್ರ ಸರಿ. ಕಣ್ಣಿಗೆ ಕಾಣುವ ಜೀವಿಗಳ ಎಣಿಕೆಗೂ ಮುಂದಿನ ಪೀಳಿಗೆಗೆ ತಂದೆತಾಯಿಯಾಗುವವುಗಳ ಎಣಿಕೆಗೂ ಕಡಲಿನಲ್ಲಿ ಇರುವಷ್ಟು ಅಂತರ ನೆಲದ ಮೇಲೆ ಅಪರೂಪ. ಆ ಅಂತರವನ್ನು ಅಳೆಯದೆ ತೀರದ ಸಂರಕ್ಷಣೆಯಾಗಲಿ, ಸಾಕಿದ ಮರಿಗಳನ್ನು ಕಡಲಿಗೆ ಬಿಡುವ ಯೋಜನೆಯಾಗಲಿ ನೆಟ್ಟಗೆ ನಡೆಯುವುದಿಲ್ಲ.

ವೈವಿಧ್ಯ ನಿಜಕ್ಕೂ ಅಪಾರವಾಗಿರುವ ಜೀವಿಗಳು ಕಡಲಲ್ಲಿವೆ. ಒಬ್ಬ ಮನುಷ್ಯನಿಗೆ ತಾಯಿಯಿಂದ ಬಂದ ಡಿಎನ್‌ಎ ಪ್ರತಿಯನ್ನು ತಂದೆಯಿಂದ ಬಂದ ಪ್ರತಿಯ ಜೊತೆ ಹೋಲಿಸಿದರೆ ಸುಮಾರು 1000 ಅಕ್ಷರಕ್ಕೆ ಒಂದು ವ್ಯತ್ಯಾಸ ಸಿಗುತ್ತದೆ. ಉತ್ತರ ಅಮೆರಿಕದ ಪಶ್ಚಿಮ ತೀರದ ಮುಳ್ಳುಚೆಂಡಿನಂಥ ನೇರಳೆ ಸೀ ಅರ್ಚಿನ್‌ನ ಜೀನೋಮ್ (ಇಡೀ ಡಿಎನ್‌ಎ ಬರಹ) 2006ರಲ್ಲಿ ಪ್ರಕಟವಾದಾಗ, ಒಂದೇ ಪ್ರಾಣಿಯ ಎರಡು ಪ್ರತಿಗಳ ನಡುವಿನ ವ್ಯತ್ಯಾಸ 100 ಅಕ್ಷರಕ್ಕೆ 4ರಿಂದ 5ರಷ್ಟಿರುವುದು ಕಂಡುಬಂತು. ಸಿಯೋನಾ ಸ್ಯಾವಿಗ್ನಿಯಿ ಎಂಬ ಸೀ ಸ್ಕ್ವರ್ಟ್‌ನಲ್ಲೂ (ಚೀಲದಂಥ ಮೈಯ ಕಡಲಜೀವಿ) ಹೆಚ್ಚುಕಡಿಮೆ ಅಷ್ಟೇ. 76 ಪ್ರಾಣಿ ಪ್ರಭೇದಗಳನ್ನು ಹೋಲಿಸಿ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ವೈವಿಧ್ಯವನ್ನು ಊಹಿಸಲು ಪ್ರಭೇದ ಎಷ್ಟು ದೂರ ಹಬ್ಬಿದೆ ಎಂಬುದಕ್ಕಿಂತ ತಾಯಿಯಿಂದ ಬೇರೆಯಾಗುವಾಗ ಮರಿ ಎಷ್ಟು ದೊಡ್ಡದಿರುತ್ತದೆ ಎಂಬುದೇ ಹೆಚ್ಚು ನೆರವಾಗುತ್ತದೆ ಎಂದು ತೋರಿಸಿತು. ಪುಟ್ಟ ಮೊಟ್ಟೆಗಳನ್ನು ರಾಶಿರಾಶಿಯಾಗಿ ನೀರಿಗೆ ಚೆಲ್ಲುವ ಜೀವಿಗಳಲ್ಲಿ ವೈವಿಧ್ಯ ಹೆಚ್ಚು. ಕೆಲವೇ ದೊಡ್ಡ ಮರಿಗಳನ್ನು ಪೋಷಿಸುವ ಜೀವಿಗಳಲ್ಲಿ ಕಡಿಮೆ.

ಆದರೂ ಈ ವೈವಿಧ್ಯ ಜೀವಿಗಳ ಸಂಖ್ಯೆಗೆ ತಕ್ಕಷ್ಟು ಇರುವುದಿಲ್ಲ. ಒಂದು ಹೆಣ್ಣು ಸಿಂಪಿ ಕೋಟಿಗಟ್ಟಲೆ ಮೊಟ್ಟೆ ಬಿಡುತ್ತದೆ. ಅದೇ ಗಳಿಗೆಯಲ್ಲಿ ಹತ್ತಿರದ ಗಂಡುಗಳು ವೀರ್ಯ ಬಿಡಬೇಕು, ಮೊಟ್ಟೆಯೊಡೆದು ಬಂದ ತೇಲುವ ಎಳೆಮರಿ, ಅಂದರೆ ಲಾರ್ವಾ, ಮೇಯಲು ಪಾಚಿ ಇರಬೇಕು, ಪ್ರವಾಹ ಅದನ್ನು ಆಳ ಸಮುದ್ರಕ್ಕೆ ಒಯ್ಯದೆ ವಾರಗಳ ನಂತರ ಬಂಡೆಯೊಂದಕ್ಕೆ ತಂದು ಮುಟ್ಟಿಸಬೇಕು. ಬಹುಪಾಲು ತಾಯಂದಿರ ಮರಿಗಳೆಲ್ಲ ಇದರಲ್ಲಿ ಎಲ್ಲೋ ಒಂದು ಕಡೆ ಎಡವಿ ಸಾಯುತ್ತವೆ. ಎಲ್ಲವೂ ಹೊಂದಿಬಂದ ಕೆಲವೇ ತಾಯಂದಿರ ಮರಿಗಳು ಲಾಟರಿ ಹೊಡೆದಂತೆ ಇಡೀ ತೀರವನ್ನು ತುಂಬಿಬಿಡುತ್ತವೆ. ಕಡಲಜೀವಿಗಳ ತಳಿವಿಜ್ಞಾನಿ ಡೆನ್ನಿಸ್ ಹೆಜ್‌ಕಾಕ್ 1994ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ನಿಜಕ್ಕೂ ವಂಶ ಬೆಳೆಸುವವುಗಳ ಲೆಕ್ಕಕ್ಕೆ 'ಪರಿಣಾಮಕಾರಿ ಸಂಖ್ಯೆ' ಎನ್ನುತ್ತಾರೆ. ಇಂಥ ಜೀವಿಗಳಲ್ಲಿ ಅದು ಒಟ್ಟು ಸಂಖ್ಯೆಯ ಸಾವಿರದಲ್ಲೊಂದು ಪಾಲು, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಇರಬಹುದು.

ಇದರ ಪರಿಣಾಮ ಬಂಡೆಯ ಮೇಲೇ ಕಾಣುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಸೈಫನೇರಿಯಾ ಎಂಬ ಲಿಂಪೆಟ್‌ನ (ಟೋಪಿಯಾಕಾರದ ಚಿಪ್ಪಿನ ಬಸವನಹುಳು) ಲಾರ್ವಾಗಳು ನೀರಿನಲ್ಲಿ ತೇಲಿ ಹರಡುತ್ತವೆ. ಆದ್ದರಿಂದ ಅಕ್ಕಪಕ್ಕದ ಬಂಡೆಗಳ ಲಿಂಪೆಟ್‌ಗಳು ವಂಶವಾಹಿಯಲ್ಲಿ ಒಂದೇ ಥರ ಇರಬೇಕಿತ್ತು. ಸಂಶೋಧಕರಾದ ಜಾನ್ಸನ್ ಮತ್ತು ಬ್ಲ್ಯಾಕ್ 1982ರಲ್ಲಿ ನೋಡಿದಾಗ ಹಾಗಿರಲಿಲ್ಲ. ಬಹಳ ಹತ್ತಿರದ ಜಾಗಗಳ ನಡುವೆಯೇ ವ್ಯತ್ಯಾಸವಿತ್ತು, ಅದಕ್ಕೆ ಗೊತ್ತಾದ ಕ್ರಮವೂ ಇರಲಿಲ್ಲ. ಪ್ರತಿ ಸಲ ಬಂದು ಕೂರುವ ಮರಿಗಳ ದಂಡು ಬೇರೆ ಬೇರೆ ತಂದೆತಾಯಿಯರದ್ದಾಗಿದ್ದರೆ ಹೀಗಾಗುತ್ತದೆ. ಹಾಗಾಗಿ ಒಂದೇ ವರ್ಷದಲ್ಲಿ ಒಂದೇ ಸಲ ತೆಗೆದ ಮಾದರಿಯಿಂದ 'ಈ ಎರಡು ತೀರಗಳ ಜೀವಿಗಳು ಬೇರೆ' ಎಂದು ತೀರ್ಪು ಕೊಡುವುದನ್ನು ಒಪ್ಪಲಾಗದು. ವಯಸ್ಕರನ್ನೂ ಹೊಸದಾಗಿ ಕೂತ ಮರಿಗಳನ್ನೂ ಬೇರೆ ಬೇರೆ ಗುಂಪಾಗಿ ತೆಗೆಯಬೇಕು, ಅದೇ ಜಾಗಕ್ಕೆ ಮತ್ತೊಂದು ವರ್ಷವೂ ಹೋಗಬೇಕು. ಕಾಲದಿಂದ ಕಾಲಕ್ಕೆ ಆಗುವ ವ್ಯತ್ಯಾಸ ಜಾಗದಿಂದ ಜಾಗಕ್ಕೆ ಇರುವಷ್ಟೇ ದೊಡ್ಡದಾಗಿದ್ದರೆ ಅದು ಸ್ಥಿರವಾದ ಬೇರ್ಪಡಿಕೆ ಅಲ್ಲ.

ಎಷ್ಟು ಪ್ರಾಣಿಗಳು ಬೇಕು? ಒಂದು ಜಾಗಕ್ಕೆ 30 ಎಂಬ ರೂಢಿಯ ಹಿಂದೆ ಸರಳ ಲೆಕ್ಕವಿದೆ. 30 ಪ್ರಾಣಿಗಳಲ್ಲಿ ಪ್ರತಿ ಜೀನ್‌ನ 60 ಪ್ರತಿಗಳಿರುತ್ತವೆ. ನೂರಕ್ಕೆ 5ರಷ್ಟಿರುವ ಒಂದು ಜೀನ್‌ರೂಪ (ಒಂದೇ ಜೀನ್‌ನ ಬೇರೆ ಬೇರೆ ರೂಪಗಳಲ್ಲೊಂದು) ಅಷ್ಟೂ ಪ್ರತಿಗಳಲ್ಲಿ ಒಮ್ಮೆಯೂ ಸಿಗದೇ ಹೋಗುವ ಸಂಭವ 0.95ರ 60ನೇ ಘಾತ, ಅಂದರೆ ಶೇ. 5ಕ್ಕಿಂತ ಕಡಿಮೆ. ಶೇ. 1ರಷ್ಟು ಅಪರೂಪದ ರೂಪ ಬೇಕಾದರೆ ಅದೇ ಖಾತ್ರಿಗೆ 150 ಪ್ರಾಣಿಗಳು ಬೇಕು. ಕೋಶಕ್ಕೆ ಶಕ್ತಿ ಒದಗಿಸುವ, ಸಾಮಾನ್ಯವಾಗಿ ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯದ ಜೀನ್ ಓದುವಾಗ ಒಂದು ಪ್ರಾಣಿಗೆ ಒಂದೇ ಪ್ರತಿ ಲೆಕ್ಕ. ಆಗ 30 ಪ್ರಾಣಿ ತೆಗೆದರೂ ಶೇ. 5ರ ರೂಪವನ್ನು ಐದು ಸಲದಲ್ಲಿ ಒಂದು ಸಲ ಕಳೆದುಕೊಳ್ಳುತ್ತೇವೆ. ಒಂದು ಕಡೆ 30, ಇನ್ನೊಂದು ಕಡೆ 12 ಸಿಕ್ಕಿದ್ದರೆ ಜೀನ್‌ರೂಪಗಳ ಎಣಿಕೆಯನ್ನು ಹಾಗೇ ಹೋಲಿಸದೆ 12ರ ಮಟ್ಟಕ್ಕೆ ಇಳಿಸಿ, ಅಂದರೆ 30ರಲ್ಲಿ ಯಾವುದಾದರೂ 12 ತೆಗೆದರೆ ಎಷ್ಟು ಸಿಗುತ್ತವೆಂದು ಲೆಕ್ಕ ಹಾಕಿ ಹೋಲಿಸಬೇಕು. ಕೆಲವು ಸೀ ಅನಿಮೋನ್‌ಗಳು ಮೈ ಸೀಳಿಕೊಂಡೇ ಎರಡಾಗುತ್ತವೆ. ಅಂಥವುಗಳ ಒಂದೇ ಗುಂಪಿನಿಂದ ಹತ್ತು ತೆಗೆದರೂ ಸಿಗುವುದು ಒಂದೇ ವಂಶವಾಹಿ, ಆದ್ದರಿಂದ ದೂರ ದೂರದವುಗಳನ್ನು ಆರಿಸಬೇಕು.

ಮಾದರಿ ಕೆಡುವುದು ಹೆಚ್ಚಾಗಿ ತೀರದಲ್ಲೇ. ಮುಚ್ಚಿದ ಮಸೆಲ್ ಅಥವಾ ಬಾಗಿಲು ಹಾಕಿಕೊಂಡ ಬಸವನಹುಳುವನ್ನು ಇಡಿಯಾಗಿ ಏಥನಾಲ್‌ಗೆ ಹಾಕಿದರೆ ದ್ರವ ಒಳಗೆ ಇಳಿಯುವುದಿಲ್ಲ. ಹೊರಗೆ ಏಥನಾಲ್, ಒಳಗೆ ಕೊಳೆತ ಮಾಂಸ. ಚಿಪ್ಪು ಒಡೆಯಬೇಕು, ಇಲ್ಲವೇ ಕಡಲೆಕಾಳಿನ ಗಾತ್ರದ ಸ್ನಾಯು ಮಾತ್ರ ಕತ್ತರಿಸಿ ಹಾಕಬೇಕು: ಬಸವನಹುಳುವಿನ ಪಾದ, ಸಿಂಪಿ ಮತ್ತು ಮಸೆಲ್‌ಗಳ ಚಿಪ್ಪು ಮುಚ್ಚುವ ಸ್ನಾಯು, ಏಡಿಯ ಕಾಲಿನ ಮಾಂಸ, ನಕ್ಷತ್ರಮೀನಿನ ಕೊಳವೆಪಾದ. ಜೀರ್ಣಾಂಗ ಬೇಡವೇ ಬೇಡ. ಅದು ತಿಂದ ಪಾಚಿಯ ಮತ್ತು ಇತರ ಜೀವಿಗಳ ಡಿಎನ್‌ಎ ಜೊತೆಗೇ ಬರುತ್ತದೆ. ಶೇ. 95ರ ಏಥನಾಲ್ ಅಂಗಾಂಶದ ಐದು ಪಟ್ಟಾದರೂ ಇರಲಿ. ಅಂಗಾಂಶದ ನೀರು ಅದನ್ನು ತೆಳುವಾಗಿಸುವುದರಿಂದ ಮಾರನೆಯ ದಿನ ಬಸಿದು ಹೊಸದು ಹಾಕಿ ಮೈನಸ್ 20 ಡಿಗ್ರಿಯಲ್ಲಿ ಇಡಬೇಕು. ಏಥನಾಲ್ ಒಯ್ಯಲಾಗದ ಕಡೆ ಶೇ. 20 ಡಿಎಂಎಸ್‌ಒ, 0.25 ಮೋಲಾರ್ ಇಡಿಟಿಎ ಎಂಬ ರಾಸಾಯನಿಕಗಳು ಮತ್ತು ಕರಗುವಷ್ಟೂ ಉಪ್ಪು ಸೇರಿಸಿದ ದ್ರಾವಣ ಚೆನ್ನಾಗಿ ಕೆಲಸ ಮಾಡುತ್ತದೆ. ಫಾರ್ಮಲಿನ್ ಡಿಎನ್‌ಎಯನ್ನು ತುಂಡರಿಸುತ್ತದೆ, ಈ ಕೆಲಸಕ್ಕೆ ಅದು ಸಲ್ಲದು.

ಪ್ರಯೋಗಾಲಯದಲ್ಲಿ ಮೃದ್ವಂಗಿಗಳ ಮುಖ್ಯ ತೊಡಕು ಲೋಳೆ. ಅದರಲ್ಲಿರುವ ಸಕ್ಕರೆಸರಪಳಿಗಳು ಡಿಎನ್‌ಎ ಜೊತೆಗೇ ಹೊರಬಂದು ಡಿಎನ್‌ಎ ತುಣುಕನ್ನು ಲಕ್ಷಾಂತರ ನಕಲು ಮಾಡುವ ಪಿಸಿಆರ್ ಕ್ರಿಯೆಯನ್ನು ತಡೆಯುತ್ತವೆ. ಅಳತೆಯಲ್ಲಿ ಡಿಎನ್‌ಎ ಬೇಕಾದಷ್ಟಿದೆ, ಪಿಸಿಆರ್‌ನ ನಕಲುಗಳನ್ನು ಗೆರೆಯಾಗಿ ತೋರಿಸುವ ಜೆಲ್ ಮೇಲೆ ಪಟ್ಟಿಯೇ ಇಲ್ಲ ಎಂದಾದರೆ ಮೊದಲ ಗುಮಾನಿ ಇದರ ಮೇಲೆ. ಮಾದರಿಯನ್ನು ಹತ್ತು ಪಟ್ಟು ತೆಳುಮಾಡಿ ಮತ್ತೆ ಓಡಿಸಿ ನೋಡಿ. ಪಟ್ಟಿ ಬಂದರೆ ಗುಮಾನಿ ನಿಜ. ಶೇ. 2ರ ಸಿಟಿಎಬಿ ಎಂಬ ಮಾರ್ಜಕ ಮತ್ತು 1.4 ಮೋಲಾರ್ ಉಪ್ಪಿರುವ ದ್ರಾವಣದಲ್ಲಿ 60 ಡಿಗ್ರಿಯಲ್ಲಿ ಕರಗಿಸಿ, ಕ್ಲೋರೋಫಾರ್ಮ್ ಮತ್ತು ಐಸೋಅಮೈಲ್ ಆಲ್ಕೋಹಾಲ್‌ನ 24:1 ಮಿಶ್ರಣದಿಂದ ತೊಳೆದರೆ ಲೋಳೆ ಬಹುಮಟ್ಟಿಗೆ ಹೋಗುತ್ತದೆ.

ಜೀನ್‌ಗಳಲ್ಲಿ ಹೆಚ್ಚು ಬಳಕೆಯಾಗಿರುವುದು ಮೈಟೊಕಾಂಡ್ರಿಯದ ಸಿಒಐ. ಫೋಲ್ಮರ್ ಮತ್ತು ಸಂಗಡಿಗರು 1994ರಲ್ಲಿ ಕೊಟ್ಟ ಎಲ್‌ಸಿಒ1490, ಎಚ್‌ಸಿಒ2198 ಎಂಬ ಪ್ರೈಮರ್ ಜೋಡಿ (ನಕಲು ಶುರುವಾಗುವ ಜಾಗಕ್ಕೆ ಅಂಟುವ ಪುಟ್ಟ ಡಿಎನ್‌ಎ ತುಣುಕುಗಳು) ಬಹಳಷ್ಟು ಅಕಶೇರುಕಗಳಲ್ಲಿ ಸುಮಾರು 710 ಅಕ್ಷರದ ತುಣುಕನ್ನು ಹೊರತೆಗೆಯುತ್ತದೆ. ಪ್ರೈಮರ್‌ಗಳನ್ನು ಕಳೆದರೆ ಉಳಿಯುವುದು 658. ಪ್ರೈಮರ್ ಅಂಟುವ ಉಷ್ಣತೆಯನ್ನು 40 ಡಿಗ್ರಿಯಷ್ಟು ಕೆಳಗಿಡುವುದು ವಾಡಿಕೆ. ಅದಕ್ಕಿಂತ ಬಹಳ ಮೇಲೆ ಹೋದರೆ ಪ್ರೈಮರ್ ಜಾಗದಲ್ಲಿ ಬದಲಾವಣೆಯಿರುವ ಪ್ರಾಣಿಗಳು ಮಾತ್ರ ಸದ್ದಿಲ್ಲದೆ ಲೆಕ್ಕದಿಂದ ಬಿದ್ದುಹೋಗುತ್ತವೆ. ಸಿಕ್ಕಿದ ಅಕ್ಷರಸಾಲನ್ನು ಪ್ರೋಟೀನ್‌ಗೆ ಅನುವಾದಿಸಿ ನೋಡಲೇಬೇಕು. ನಡುವೆ ನಿಲುಗಡೆ ಸಂಕೇತ ಬಂದರೆ ಅದು ಕೋಶಕೇಂದ್ರಕ್ಕೆ ಸೇರಿಹೋದ ಹಳೆಯ ನಕಲಿರಬಹುದು. ಏಡಿ, ಸೀಗಡಿಗಳ ಬಂಧುಬಳಗದಲ್ಲಿ ಇದರ ಕಾಟ ಜಾಸ್ತಿ. ಹಾಗೆ ತೀರ್ಮಾನಿಸುವ ಮುಂಚೆ ಅನುವಾದದ ಸಂಕೇತಪಟ್ಟಿ ಸರಿಯಿದೆಯೇ ನೋಡಿಕೊಳ್ಳಿ. ಎನ್‌ಸಿಬಿಐ ಎಂಬ ಡಿಎನ್‌ಎ ದತ್ತಾಂಶ ಸಂಸ್ಥೆಯ ಎಣಿಕೆಯಲ್ಲಿ ಮೃದ್ವಂಗಿಗಳಿಗೂ ಏಡಿಗಳಿಗೂ 5ನೇ ಪಟ್ಟಿ, ನಕ್ಷತ್ರಮೀನು ಮತ್ತು ಸೀ ಅರ್ಚಿನ್‌ಗಳಿಗೆ 9ನೇ ಪಟ್ಟಿ. ಸಾಮಾನ್ಯ ಪಟ್ಟಿ ಬಳಸಿದರೆ ಟಿಜಿಎ ಎಂಬ ನಿರಪರಾಧಿ ಸಂಕೇತವೂ ನಿಲುಗಡೆಯಂತೆ ಕಾಣುತ್ತದೆ.

ಮಸೆಲ್‌ಗಳಲ್ಲಿ ಇನ್ನೊಂದು ವಿಚಿತ್ರವಿದೆ, ಗೊತ್ತಿಲ್ಲದವರನ್ನು ಅದು ಪೂರಾ ದಾರಿ ತಪ್ಪಿಸುತ್ತದೆ. ಗಂಡುಮಕ್ಕಳಿಗೆ ತಾಯಿಯ ಮೈಟೊಕಾಂಡ್ರಿಯದ ಜೊತೆಗೆ ತಂದೆಯದ್ದೂ ಬಂದು ಜನನಾಂಗದಲ್ಲಿ ನೆಲೆಸುತ್ತದೆ, ಮತ್ತು ಈ ಎರಡರ ಡಿಎನ್‌ಎ ನಡುವಿನ ಅಂತರ ಎರಡು ಪ್ರಭೇದಗಳ ನಡುವಿನ ಅಂತರದಷ್ಟು ದೊಡ್ಡದು. ಜನನಾಂಗ ಮೈಹೊದಿಕೆಯೊಳಕ್ಕೂ ಹಬ್ಬಿರುವುದರಿಂದ ಅಲ್ಲಿಂದ ಅಂಗಾಂಶ ತೆಗೆದವರಿಗೆ ಒಂದೇ ಬಂಡೆಯಲ್ಲಿ 'ಎರಡು ಪ್ರಭೇದ' ಸಿಕ್ಕಿಬಿಡುತ್ತವೆ. ಚಿಪ್ಪು ಮುಚ್ಚುವ ಸ್ನಾಯುವನ್ನೇ ತೆಗೆಯಿರಿ ಎನ್ನುವುದು ಅದಕ್ಕೇ. ಹವಳಗಳ ಕಥೆ ಇದಕ್ಕೆ ತದ್ವಿರುದ್ಧ: ಅವುಗಳ ಮೈಟೊಕಾಂಡ್ರಿಯ ಎಷ್ಟು ನಿಧಾನ ಬದಲಾಗುತ್ತದೆಂದರೆ ಒಂದೇ ಪ್ರಭೇದದೊಳಗಿನ ವೈವಿಧ್ಯ ಅಳೆಯಲು ಸಿಒಐ ಹೆಚ್ಚುಕಡಿಮೆ ನಿರುಪಯೋಗಿ.

ಕೋಶಕೇಂದ್ರದ ಜೀನ್‌ಗಳನ್ನು ಓದುವಾಗ ಅತಿ ವೈವಿಧ್ಯವೇ ಅಳತೆಗೆ ಅಡ್ಡಬರುತ್ತದೆ. ಪ್ರೈಮರ್ ಅಂಟುವ ಜಾಗವೇ ಬದಲಾಗಿದ್ದರೆ ಒಂದು ಪ್ರತಿ ಕಾಣಿಸುವುದಿಲ್ಲ, ಎರಡು ಬೇರೆ ರೂಪಗಳಿರುವ ಪ್ರಾಣಿ ಒಂದೇ ರೂಪದ್ದೆಂದು ದಾಖಲಾಗುತ್ತದೆ. ಸಿಂಪಿಗಳಲ್ಲಿ ಇದು ಬಹಳ ಸಾಮಾನ್ಯ. ಡಿಎನ್‌ಎ ಕತ್ತರಿಸಿ ತುದಿಗಳನ್ನಷ್ಟೇ ಓದುವ ರ‍್ಯಾಡ್ ವಿಧಾನಕ್ಕೂ ಇದೇ ಕಷ್ಟ: 100ಕ್ಕೆ 4 ಅಕ್ಷರ ಬದಲಾಗುವ ಜೀವಿಯಲ್ಲಿ ಎಂಟು ಅಕ್ಷರದ ಕತ್ತರಿತಾಣಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಒಂದು ಪ್ರತಿಯಲ್ಲಿದ್ದು ಇನ್ನೊಂದರಲ್ಲಿ ಇರುವುದಿಲ್ಲ. ಮಿಶ್ರರೂಪದ ಪ್ರಾಣಿಗಳು ನಿರೀಕ್ಷೆಗಿಂತ ಕಡಿಮೆ ಎಂದು ಫಲಿತಾಂಶ ಬಂದರೆ ತಕ್ಷಣ ಒಳಸಂತಾನ (ಹತ್ತಿರದ ಬಂಧುಗಳು ಕೂಡಿ ಹುಟ್ಟಿದ ಸಂತಾನ) ಎನ್ನಬಾರದು. ಕೊರತೆ ಕೆಲವೇ ಜೀನ್‌ತಾಣಗಳಲ್ಲಿದ್ದರೆ ಅದು ಕಾಣದ ಪ್ರತಿಯ ದೋಷ. ಎಲ್ಲ ತಾಣಗಳಲ್ಲೂ ಇದ್ದರೆ ನೋಡಲು ಒಂದೇ ಥರದ ಎರಡು ಪ್ರಭೇದಗಳು ಮಾದರಿಯಲ್ಲಿ ಬೆರೆತಿವೆಯೇ ಎಂದು ಹುಡುಕಬೇಕು. ಅದು ಬರೀ ಪುಸ್ತಕದ ಎಚ್ಚರಿಕೆಯಲ್ಲ: ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಸ್ಥಳೀಯ ಮಸೆಲ್‌ನ ಜಾಗವನ್ನು ಮೆಡಿಟರೇನಿಯನ್ ಮೂಲದ ಮಿಟಿಲಸ್ ಗ್ಯಾಲೊಪ್ರೊವಿನ್ಸಿಯಾಲಿಸ್ ಆಕ್ರಮಿಸಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, 1980ರ ದಶಕದಲ್ಲಿ ಪ್ರೋಟೀನ್ ರೂಪಗಳನ್ನು ಹೋಲಿಸಿದಾಗಲೇ ಅದು ಗೊತ್ತಾಗಿದ್ದು.

ಎರಡು ತೀರಗಳ ನಡುವಿನ ಅಂತರವನ್ನು ಎಫ್‌ಎಸ್‌ಟಿ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸೊನ್ನೆ ಎಂದರೆ ವ್ಯತ್ಯಾಸವಿಲ್ಲ, 1 ಎಂದರೆ ಪೂರ್ತಿ ಬೇರೆ. ಕಡಲಿನಲ್ಲಿ ಇದನ್ನು ತಪ್ಪಾಗಿ ಓದುವುದೇ ಹೆಚ್ಚು, ಮತ್ತು ಈ ತಪ್ಪಿನಿಂದ ಜೀವಿಗಳಿಗೆ ನೇರ ಹಾನಿ ಇದೆ. ಎರಡೂ ಕಡೆ ಪರಿಣಾಮಕಾರಿ ಸಂಖ್ಯೆ ತಲಾ 10 ಲಕ್ಷ ಎಂದಿಟ್ಟುಕೊಳ್ಳಿ, ಪೀಳಿಗೆಗೆ 100 ಲಾರ್ವಾ ಮಾತ್ರ ಆಚೆಯಿಂದ ಬಂದು ನೆಲೆಸುತ್ತವೆ. ಸಾಮಾನ್ಯ ಸೂತ್ರದ ಪ್ರಕಾರ ಎಫ್‌ಎಸ್‌ಟಿ ಸುಮಾರು 0.0025. ಕಾಗದದ ಮೇಲೆ ಇವೆರಡೂ 'ಒಂದೇ' ಸಮುದಾಯ. ಆದರೆ ಒಂದು ಕಡೆ ಜೀವಿಗಳನ್ನು ಬಳಿದು ತೆಗೆದರೆ ಹತ್ತು ಸಾವಿರಕ್ಕೆ ಒಂದರಂತೆ ಬರುವ ಹೊಸಬರು ಅದನ್ನು ತುಂಬಿಕೊಡಲಾರರು. ಸೊನ್ನೆಯ ಹತ್ತಿರದ ಎಫ್‌ಎಸ್‌ಟಿ ನೋಡಿ 'ಪಕ್ಕದ ತೀರದಿಂದ ಮತ್ತೆ ಬರುತ್ತವೆ' ಎಂದು ಕೊಯ್ಲಿಗೆ ಒಪ್ಪಿಗೆ ಕೊಡಬಾರದು.

ಲಾರ್ವಾ ತೇಲದ ಜೀವಿಗಳಲ್ಲಿ ಚಿತ್ರವೇ ಬೇರೆ. ಲಿಟೊರಿನಾ ಸ್ಯಾಕ್ಸಾಟಿಲಿಸ್ ಎಂಬ ಬಸವನಹುಳು ಚಿಪ್ಪಿರುವ ಮರಿಗಳನ್ನೇ ಹೆರುತ್ತದೆ. ಸ್ವೀಡನ್ನಿನ ತೀರದಲ್ಲಿ ಏಡಿಗಳಿರುವ ಕಡೆ ಅದು ದೊಡ್ಡದು, ದಪ್ಪ ಚಿಪ್ಪಿನದ್ದು, ಕಿರಿದಾದ ಬಾಯಿಯದ್ದು. ಕೆಲವೇ ಹತ್ತು ಮೀಟರ್ ಆಚೆ, ಅಲೆ ಬಡಿಯುವ ಬಂಡೆಯಲ್ಲಿ ಚಿಕ್ಕದು, ತೆಳು ಚಿಪ್ಪಿನದ್ದು, ಬಂಡೆಯನ್ನು ಕಚ್ಚಿ ಹಿಡಿಯುವ ದೊಡ್ಡ ಪಾದಕ್ಕೆ ಅಗಲ ಬಾಯಿಯದ್ದು. 1988ರಲ್ಲಿ ವಿಷಪಾಚಿಯಿಂದ ಬಸವನಹುಳುಗಳೆಲ್ಲ ಸತ್ತ ಅಲೆಬಂಡೆಯೊಂದಕ್ಕೆ 1992ರಲ್ಲಿ ಏಡಿಜಾಗದವುಗಳನ್ನು ತಂದು ಬಿಡಲಾಯಿತು. ಮೂವತ್ತು ವರ್ಷಗಳಲ್ಲಿ ಅವುಗಳ ಸಂತತಿ ಅಲೆಬಂಡೆಯ ರೂಪಕ್ಕೆ ತಿರುಗಿತ್ತು. ಬೇಕಾದ ಜೀನ್‌ರೂಪಗಳ ಬಹುಪಾಲು ಮೊದಲೇ ಅವುಗಳಲ್ಲಿ ಅಡಗಿದ್ದದ್ದರಿಂದ ಅಥವಾ ಅಕ್ಕಪಕ್ಕದಿಂದ ಬಂದದ್ದರಿಂದ ಇದು ಸಾಧ್ಯವಾಯಿತು. ವೈವಿಧ್ಯ ಉಳಿಸಿ ಎಂದು ಒತ್ತಾಯಿಸಲು ನನಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ. ಹಾಗೆಂದು ಎಲ್ಲಿಂದಲೋ ತಂದು ಬೆರೆಸುವುದೂ ಸಲ್ಲದು. ಕ್ಯಾಲಿಫೋರ್ನಿಯಾದ ಬಂಡೆಗುಂಡಿಗಳ ಟೈಗ್ರಿಯೋಪಸ್ ಎಂಬ ಪುಟ್ಟ ಕೋಪೆಪಾಡ್‌ನ (ಏಡಿ, ಸೀಗಡಿಗಳ ದೂರದ ಬಂಧು) ದೂರದ ಸಮುದಾಯಗಳನ್ನು ಕೂಡಿಸಿದರೆ ಎರಡನೇ ಪೀಳಿಗೆ ಸೊರಗುತ್ತದೆ, ಏಕೆಂದರೆ ಒಂದರ ಮೈಟೊಕಾಂಡ್ರಿಯ ಇನ್ನೊಂದರ ಕೋಶಕೇಂದ್ರದ ಜೀನ್‌ಗಳ ಜೊತೆ ಹೊಂದುವುದಿಲ್ಲ.

ಮರಿ ಉತ್ಪಾದನಾ ಕೇಂದ್ರಗಳು ಇಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. 1 ಗಂಡು, 19 ಹೆಣ್ಣು ಬಳಸಿದರೆ ಪರಿಣಾಮಕಾರಿ ಸಂಖ್ಯೆ 20 ಅಲ್ಲ, 3.8. ಗಂಡುಹೆಣ್ಣು ಸಮ ಇದ್ದರೂ ಎಲ್ಲ ಗಂಡುಗಳ ವೀರ್ಯವನ್ನು ಒಂದೇ ಬಕೆಟ್‌ಗೆ ಸುರಿದರೆ ಚುರುಕಾದ ಒಂದೆರಡರದ್ದೇ ಮೇಲುಗೈ. ಜೋಡಿಜೋಡಿಯಾಗಿ ಬೇರೆ ಪಾತ್ರೆಯಲ್ಲಿ ಫಲಿಸಿ, ಆಮೇಲೆ ಸಮ ಸಂಖ್ಯೆಯಲ್ಲಿ ಬೆರೆಸಬೇಕು. ನಿಧಾನ ಬೆಳೆಯುವ ಲಾರ್ವಾಗಳನ್ನು ಜರಡಿ ಹಿಡಿದು ಚೆಲ್ಲುವ ರೂಢಿ ಇಡೀ ಕುಟುಂಬಗಳನ್ನೇ ಚೆಲ್ಲಿಬಿಡುತ್ತದೆ. ಪರಿಣಾಮಕಾರಿ ಸಂಖ್ಯೆ 2000 ಇರುವ ತೀರಕ್ಕೆ, 20ರಷ್ಟಿರುವ ಕೇಂದ್ರದ ಮರಿಗಳು ಮುಂದಿನ ಪೀಳಿಗೆಯ ಅರ್ಧದಷ್ಟಾಗುವಂತೆ ಬಿಟ್ಟರೆ ಇಡೀ ಸಮುದಾಯದ ಪರಿಣಾಮಕಾರಿ ಸಂಖ್ಯೆ ಸುಮಾರು 79ಕ್ಕೆ ಕುಸಿಯುತ್ತದೆ. ಬಂಡೆ ಮಾತ್ರ ಮರಿಗಳಿಂದ ತುಂಬಿ ತುಳುಕುತ್ತಿರುತ್ತದೆ.

2013ರಿಂದ ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ ನಕ್ಷತ್ರಮೀನುಗಳು ಕರಗಿ ಸಾಯುವ ರೋಗ ಹಬ್ಬಿತು. ಪಿಸಾಸ್ಟರ್ ಒಕ್ರೇಷಿಯಸ್ ಎಂಬ ಪ್ರಭೇದದಲ್ಲಿ ಬದುಕುಳಿದವುಗಳ ಜೀನ್‌ರೂಪಗಳ ಪ್ರಮಾಣ ಬದಲಾಗಿರುವುದನ್ನು 2018ರಲ್ಲಿ ತೋರಿಸಲು ಸಾಧ್ಯವಾದದ್ದು ರೋಗಕ್ಕೆ ಮುಂಚಿನ ಅಂಗಾಂಶ ಕೈಯಲ್ಲಿದ್ದುದರಿಂದ. ಆದ್ದರಿಂದ ತೀರದ ಯಾವುದೇ ಕೆಲಸಕ್ಕೆ ಹೋದವರು ಪ್ರತಿ ಪ್ರಾಣಿಯಿಂದ ಎರಡು ತುಣುಕು ತೆಗೆದು, ಒಂದನ್ನು ಮುಟ್ಟದೆ ಬೇರೊಂದು ಫ್ರೀಜರ್‌ನಲ್ಲಿ ಇಡಬೇಕು. ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ಉಬ್ಬರರೇಖೆಯಿಂದ ಎಷ್ಟು ಕೆಳಗೆ, ಪ್ರಾಣಿಯ ಅಳತೆ ಇವಿಷ್ಟನ್ನೂ ಪೆನ್ಸಿಲ್‌ನಲ್ಲಿ ಬರೆದ ಚೀಟಿ ಟ್ಯೂಬಿನ ಒಳಗೇ ಇರಲಿ, ಹೊರಗೆ ಬರೆದ ಮಾರ್ಕರ್ ಶಾಯಿಯನ್ನು ಏಥನಾಲ್ ಅಳಿಸಿಹಾಕುತ್ತದೆ. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ದ್ರವ ಆವಿಯಾಗುತ್ತದೆ, ವರ್ಷಕ್ಕೊಮ್ಮೆ ನೋಡಿ ತುಂಬಬೇಕು.